ಜಪಾನಿನ ಶಾಲೆಯ ಬೀಳ್ಕೊಡುಗೆಗೆ ಯಾವ ಹಾಡು ಆರಿಸೋದು?

ಪ್ರಶ್ನೆ: ನಾವು ಟೋಕಿಯೋದಲ್ಲಿದ್ದೇವೆ. ಬರುವ ಮಾರ್ಚ್‌ಗೆ ಮಗ ಇಲ್ಲಿನ ಜೂನಿಯರ್ ಹೈಸ್ಕೂಲ್ ಮುಗಿಸುತ್ತಾನೆ. ಸಮಾರಂಭ ಆದಮೇಲೆ ಅಪ್ಪ-ಅಮ್ಮಂದಿರೆಲ್ಲ ಸೇರಿ ಒಂದು ಕೂಟ ಮಾಡುತ್ತಾರೆ. ಅಲ್ಲಿ ತೋರಿಸುವ ಫೋಟೊ ವಿಡಿಯೊಗೆ ಹಾಡು ಹುಡುಕುವ ಕೆಲಸ ನನ್ನ ತಲೆಗೆ ಬಿದ್ದಿದೆ. ನೆಟ್‌ನಲ್ಲಿ ಹುಡುಕಿದರೆ ಲೆಕ್ಕವಿಲ್ಲದಷ್ಟು ಬರುತ್ತವೆ. ಈ ವಯಸ್ಸಿನ ಮಕ್ಕಳಿಗೆ ನಿಜವಾಗಿ ಹಿಡಿಸುವುದು ಯಾವುದು?

ಉತ್ತರ: ಸಮಾರಂಭದಲ್ಲಿ ಮಕ್ಕಳೇ ನಿಂತು ಹಾಡುವ ಹಾಡಿನ ಚಿಂತೆ ನಿಮಗೆ ಬೇಡ. ಅದನ್ನು ಸಾಮಾನ್ಯವಾಗಿ ಸಂಗೀತದ ಟೀಚರು, ಮಕ್ಕಳು ಸೇರಿ ನೋಡಿಕೊಳ್ಳುತ್ತಾರೆ. ನಿಮ್ಮ ಪಾಲಿಗೆ ಇರುವುದು ಕೂಟದ ಹಾಡು ಮಾತ್ರ. ಅದಕ್ಕೆ ನಾನು ಒಂದೇ ಪರೀಕ್ಷೆ ಇಡುತ್ತೇನೆ: ಹಾಡಿನಲ್ಲಿ ಮಾತಾಡುತ್ತಿರುವವರು ಯಾರು? ದೊಡ್ಡವರು ಬುದ್ಧಿ ಹೇಳುತ್ತಿದ್ದರೆ ಆ ಹಾಡಿಗೆ ಅಪ್ಪ-ಅಮ್ಮಂದಿರು ಕಣ್ಣೊರೆಸಿಕೊಳ್ಳುತ್ತಾರೆ, ಮಕ್ಕಳು ಫೋನ್ ನೋಡುತ್ತಾರೆ. ಹಾಡಿನ ಒಳಗಿರುವುದು ಅವರದೇ ವಯಸ್ಸಿನ ದನಿಯಾದರೆ ಮಾತು ಬೇರೆ.

ಹಳೆಯವು ಎರಡಿವೆ. 1881ರ 'ಹೊತಾರು ನೊ ಹಿಕಾರಿ' ಕೇಳಿದ ತಕ್ಷಣ ನಿಮಗೆ ಗುರುತು ಸಿಗುತ್ತದೆ. ಅದು ಸ್ಕಾಟ್ಲೆಂಡಿನ 'ಆಲ್ಡ್ ಲ್ಯಾಂಗ್ ಸೈನ್' ಧಾಟಿ, ಟಾಗೋರರೂ ಬಂಗಾಳಿ ಹಾಡೊಂದಕ್ಕೆ ಬಳಸಿಕೊಂಡದ್ದು. ತೊಂದರೆ ಏನೆಂದರೆ, ಜಪಾನಿನಲ್ಲಿ ಅಂಗಡಿ ಬಾಗಿಲು ಹಾಕುವ ಹೊತ್ತಿಗೂ ಇದೇ ಧಾಟಿ ಹಾಕುತ್ತಾರೆ. ಹದಿನೈದರ ಹುಡುಗನಿಗೆ ಇದು ಕೇಳಿದರೆ ಗೆಳೆಯರನ್ನು ಬಿಟ್ಟುಹೋಗುವ ನೋವಿಗಿಂತ, ಬೇಗ ಬಿಲ್ ಮಾಡಿಸಿ ಹೊರಡಬೇಕು ಅನ್ನುವುದೇ ಮೊದಲು ನೆನಪಾದೀತು! ಇನ್ನೊಂದು 1884ರ 'ಆಓಗೆಬಾ ತೋತೋಶಿ', ಗುರುಗಳ ಋಣ ನೆನೆಯುವ ಹಾಡು. ಇದರ ಧಾಟಿ ಎಲ್ಲಿಂದ ಬಂತು ಅನ್ನುವುದೇ ನೂರು ವರ್ಷಕ್ಕೂ ಮೇಲೆ ಒಗಟಾಗಿತ್ತು. 1871ರ ಅಮೆರಿಕದ ಶಾಲಾ ಹಾಡಿನ ಪುಸ್ತಕವೊಂದರಲ್ಲಿ ಅದು ಸಿಕ್ಕಿದ್ದು 2011ರಲ್ಲಿ. ಕೇಳಲು ಚೆಂದ, ಆದರೆ ಭಾಷೆ ತೀರಾ ಹಳೆಯದು. ಅಜ್ಜ-ಅಜ್ಜಿ ಬರುವ ಕೂಟವಾದರೆ ಒಂದು ನಿಮಿಷ ಹಾಕಿ, ಸಾಕು.

ಈ ಎರಡನ್ನೂ ಶಾಲೆಗಳಿಂದ ಹಿಂದಕ್ಕೆ ಸರಿಸಿದ್ದು ಒಂದು ಊರಿನ ಶಾಲೆಯ ಹಾಡು, 'ತಾಬಿದಾಚಿ ನೊ ಹಿ ನಿ' (ಹೊರಡುವ ದಿನ). ಸೈತಾಮಾ ಪ್ರಾಂತ್ಯದ ಚಿಚಿಬು ಗುಡ್ಡಗಾಡಿನ ಊರು. ಅಲ್ಲಿನ ಕಾಗೆಮೊರಿ ಜೂನಿಯರ್ ಹೈಸ್ಕೂಲಿನ ಹೆಡ್‌ಮೇಷ್ಟ್ರು ಕೊಜಿಮಾ ನೊಬೊರು ಅವರಿಗೆ ಶಾಲೆಯಲ್ಲಿ ಸದಾ ಹಾಡು ಕೇಳಬೇಕು ಅನ್ನುವ ಆಸೆ. 1991ರಲ್ಲಿ ಶಾಲೆ ಬಿಟ್ಟು ಹೋಗುವ ಮಕ್ಕಳಿಗೆ ಏನಾದರೂ ಕೊಡಬೇಕು ಎಂದುಕೊಂಡ ಸಂಗೀತದ ಟೀಚರು, ಸರ್, ನೀವೇ ಸಾಹಿತ್ಯ ಬರೆದುಕೊಡಿ ಎಂದು ಅವರನ್ನು ಕೇಳಿದರು. ನನ್ನ ಕೈಲಿ ಆಗಲ್ಲ ಎಂದವರು ಮರುದಿನ ಬರೆದೇ ತಂದಿಟ್ಟರು. ಟೀಚರು ಪಿಯಾನೊ ಮುಂದೆ ಕೂತು ರಾಗ ಹಾಕಿದರು. ಬೀಳ್ಕೊಡುಗೆಯ ದಿನ ಮೇಷ್ಟ್ರುಗಳೆಲ್ಲ ವೇದಿಕೆ ಹತ್ತಿ ಮಕ್ಕಳಿಗಾಗಿ ಹಾಡಿದರು. ಅವತ್ತು ಒಂದು ಸಲ ಹಾಡಿ ಮುಗಿಸುವುದು ಅಂತಲೇ ಇತ್ತು. ಆದರೆ 'ತಾಬಿದಾಚಿ ನೊ ಹಿ ನಿ' ಆ ಶಾಲೆಯಿಂದ ಪಕ್ಕದ ಶಾಲೆಗೆ, ಅಲ್ಲಿಂದ ದೇಶಕ್ಕೆಲ್ಲ ಹಬ್ಬಿತು. ಇವತ್ತು ಜಪಾನಿನ ಶಾಲೆಗಳಲ್ಲಿ ಇದನ್ನು ಅರಿಯದ ಮಕ್ಕಳು ಕಡಿಮೆ.

ಬರೆದವರು ನಿವೃತ್ತಿಯ ಅಂಚಿನಲ್ಲಿದ್ದ ಹೆಡ್‌ಮೇಷ್ಟ್ರು, ಹಾಗಾದರೆ ನನ್ನ ಪರೀಕ್ಷೆಯಲ್ಲಿ ಇದು ಪಾಸಾಗುತ್ತಾ? ಆರಾಮಾಗಿ ಆಗುತ್ತದೆ. ಬೆಟ್ಟದ ಸಾಲು, ಆಕಾಶ, ರೆಕ್ಕೆ, ಗೆಳೆಯರ ದನಿ ಇಷ್ಟೇ ಇರುವ ಹಾಡದು. ಹಾಗೆ ಮಾಡು, ಹೀಗೆ ಬಾಳು ಅನ್ನುವ ಉಪದೇಶ ಇಲ್ಲ. ಹೊರಡುವವರು ತಾವೇ ಹೇಳಿಕೊಳ್ಳುವ ಮಾತು ಅದು. ಬರೆದವರ ವಯಸ್ಸು ಕೇಳುವವರಿಗೆ ಗೊತ್ತೇ ಆಗುವುದಿಲ್ಲ.

ನಿಮ್ಮ ಮಗನ ವಯಸ್ಸಿಗೆ ಅಳತೆ ಕೊಟ್ಟು ಹೊಲಿಸಿದಂತಿರುವುದು ಗಾಯಕಿ ಆಂಜೆಲಾ ಆಕಿ ಅವರ 'ತೆಗಾಮಿ', ಅಂದರೆ ಪತ್ರ. 2008ರಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ನಡೆಸುವ ಶಾಲಾ ಗಾಯನ ಸ್ಪರ್ಧೆಯಲ್ಲಿ ಜೂನಿಯರ್ ಹೈಸ್ಕೂಲಿನ ಮಕ್ಕಳಿಗೆಂದೇ ಬರೆದದ್ದು. ಹದಿಹರೆಯದಲ್ಲಿ ಆಂಜೆಲಾ ಮುಂದಿನ ತನಗೇ ಒಂದು ಪತ್ರ ಬರೆದಿಟ್ಟಿದ್ದರು. ಮೂವತ್ತು ತುಂಬಿದಾಗ ಅಮ್ಮ ಅದನ್ನು ಕಳಿಸಿಕೊಟ್ಟರು. ಹಾಡು ಹುಟ್ಟಿದ್ದು ಅಲ್ಲಿಂದ. ಮೊದಲ ಭಾಗದಲ್ಲಿ ಹದಿನೈದರ ಮಗು ಯಾರ ಮುಂದೆಯೂ ಹೇಳಲಾಗದ್ದನ್ನು ಬರೆಯುತ್ತದೆ. ಎರಡನೇ ಭಾಗದಲ್ಲಿ ದೊಡ್ಡದಾದ ಅದೇ ಮಗು ಉತ್ತರ ಬರೆಯುತ್ತದೆ, ಈಗಲೂ ನೋವಾಗುತ್ತದೆ ಎಂದು ಒಪ್ಪಿಕೊಳ್ಳುತ್ತದೆ. ಆ ಒಪ್ಪಿಗೆ ಇರುವುದರಿಂದಲೇ ಮಕ್ಕಳು ಈ ಹಾಡನ್ನು ನಂಬುತ್ತಾರೆ ಅಂತ ನನ್ನ ಲೆಕ್ಕ. ಆರನೇ ಕ್ಲಾಸಿನ ಪುಟ್ಟವರಿಗೆ, ಹದಿನೆಂಟರ ಹೈಸ್ಕೂಲಿನವರಿಗೆ ಇದು ಅಷ್ಟು ಹೊಂದುವುದಿಲ್ಲ.

'ಗುಂಜೋ' ಎಂಬ ಇನ್ನೊಂದು ಹಾಡಿದೆ. ಅದೇ ಹೆಸರಿನ, ಯೊಆಸೊಬಿ ಎಂಬ ಪಾಪ್ ಜೋಡಿಯ ಹಿಟ್ ಹಾಡನ್ನು ನಾನು ಹೇಳುತ್ತಿಲ್ಲ. ಇದು ಫುಕುಶಿಮಾದ ಮಿನಾಮಿಸೋಮಾ ಊರಿನ ಒದಾಕಾ ಜೂನಿಯರ್ ಹೈಸ್ಕೂಲಿನದು. 2011ರ ಸುನಾಮಿ, ಅಣುಸ್ಥಾವರದ ಅಪಘಾತದ ನಂತರ ಅಲ್ಲಿನ ಮಕ್ಕಳು ದಿಕ್ಕಾಪಾಲಾದರು. ಯಾರು ಎಲ್ಲಿದ್ದಾರೆ ಎಂದು ಉಳಿದವರು ದೊಡ್ಡ ನಕ್ಷೆಯ ಮೇಲೆ ಗೆಳೆಯರ ಫೋಟೊ ಅಂಟಿಸುತ್ತಿದ್ದರು. ಎಷ್ಟು ದೂರ ಅಲ್ವಾ, ಆದರೂ ಮೇಲಿನ ಆಕಾಶ ಒಂದೇ ತಾನೆ, ಹೀಗೆಲ್ಲ ಮಾತಾಡಿಕೊಳ್ಳುತ್ತಿದ್ದರು. ಸಂಗೀತದ ಟೀಚರು ಆ ಮಾತುಗಳನ್ನು ಬರೆದಿಟ್ಟುಕೊಂಡು ಹಾಡು ಕಟ್ಟಿದರು. 2013ರಲ್ಲಿ ಆ ಮಕ್ಕಳೇ ತಮ್ಮ ಬೀಳ್ಕೊಡುಗೆಯಲ್ಲಿ ಹಾಡಿದರು. ಈಗ ಬೇರೆ ಬೇರೆ ಊರುಗಳ ಶಾಲೆಗಳೂ ಹಾಡುತ್ತವೆ. ಇಷ್ಟು ಭಾರದ ಹಾಡನ್ನು ನಗುವ ಫೋಟೊಗಳ ಹಿಂದೆ ಸುಮ್ನೆ ಹಾಕಬೇಡಿ. ಕೂತು ಕೇಳುವಂಥದ್ದು ಅದು.

ಕೂಟದ ವಿಡಿಯೊಗೆ ಹಗುರವಾದದ್ದು ಬೇಕು ಅಂದರೆ ರೆಮಿಯೊರೊಮೆನ್ ತಂಡದ 2004ರ 'ಮಾರ್ಚ್ 9' ನೋಡಿ. ಅದನ್ನು ಅವರು ಬರೆದದ್ದು ಗೆಳೆಯರೊಬ್ಬರ ಮದುವೆಗೆ! ಮರುವರ್ಷ ಟಿವಿ ಧಾರಾವಾಹಿಯೊಂದರಲ್ಲಿ ಮಕ್ಕಳು ಹಾಡಿದ ಮೇಲೆ ಶಾಲೆಗಳು ತಮ್ಮದಾಗಿಸಿಕೊಂಡವು. ಹಾಗೇ 2008ರ 'ಸಾಕುರಾ ನೊ ಆಮೆ'. ಅದನ್ನು ಮೊದಲು ಹಾಡಿದ್ದು ಹತ್ಸುನೆ ಮಿಕು ಎಂಬ ಕಂಪ್ಯೂಟರ್ ದನಿ. ಅಪ್ಪ-ಅಮ್ಮಂದಿರು ಮೂಗು ಮುರಿಯಬಹುದು, ಮಕ್ಕಳು ಮುರಿಯುವುದಿಲ್ಲ.

ಸಾಕುರಾ, ಅಂದರೆ ಚೆರ್ರಿ ಹೂವಿನ ಹಾಡುಗಳ ಬಗ್ಗೆ ಒಂದು ಸಣ್ಣ ಮಾತು. ಟೋಕಿಯೋದಲ್ಲಿ ಹೂ ಬಿಡಲು ಶುರುವಾಗುವುದು ಸರಾಸರಿ ಮಾರ್ಚ್ 24ಕ್ಕೆ. ಜೂನಿಯರ್ ಹೈಸ್ಕೂಲಿನ ಸಮಾರಂಭ ಸಾಮಾನ್ಯವಾಗಿ ಅದಕ್ಕೂ ಮೊದಲೇ ಮುಗಿದಿರುತ್ತದೆ. ಉತ್ತರದ ಸಪ್ಪೊರೊ ಕಡೆ ಹೂ ನೋಡಲು ಏಪ್ರಿಲ್ ಕೊನೆಯೋ ಮೇಯೋ ಬರಬೇಕು. ಹಾಡಿನ ತುಂಬ ದಳ ಉದುರುತ್ತಿದ್ದು, ಫೋಟೊದಲ್ಲಿ ಎಲ್ಲರೂ ದಪ್ಪ ಕೋಟು ಹಾಕಿ ನಡುಗುತ್ತಿದ್ದರೆ ಮಕ್ಕಳು ನಗದೆ ಇರುತ್ತಾರಾ?

ನಾನಾಗಿದ್ದರೆ ಮೇಲಿನ ಯಾವುದನ್ನೂ ಆರಿಸುವ ಮೊದಲು ಮಗನನ್ನೇ ಒಂದು ಮಾತು ಕೇಳುತ್ತಿದ್ದೆ: ಶಾಲೆಯ ಗಾಯನ ಸ್ಪರ್ಧೆಯಲ್ಲಿ ನಿಮ್ಮ ಕ್ಲಾಸು ಯಾವ ಹಾಡು ಹಾಡಿತು? ಹೆಚ್ಚಿನ ಜೂನಿಯರ್ ಹೈಸ್ಕೂಲುಗಳಲ್ಲಿ ವರ್ಷಕ್ಕೊಮ್ಮೆ ಈ ಸ್ಪರ್ಧೆ ಇರುತ್ತದೆ. ವಾರಗಟ್ಟಲೆ ಅಭ್ಯಾಸ, ಹುಡುಗರು ಸರಿಯಾಗಿ ಹಾಡಲ್ಲ ಎಂದು ಹುಡುಗಿಯರ ಜಗಳ, ಆಗಷ್ಟೇ ಒಡೆಯುತ್ತಿರುವ ಹುಡುಗರ ಗಂಟಲು. ಎಲ್ಲ ಆ ಒಂದು ಹಾಡಿಗೆ ಅಂಟಿಕೊಂಡಿರುತ್ತದೆ. ಯಾರ ಹತ್ತಿರವಾದರೂ ಅದರ ರೆಕಾರ್ಡಿಂಗ್ ಇದ್ದೇ ಇರುತ್ತದೆ. ಅಪಸ್ವರ ಇದ್ದರೂ ಪರವಾಗಿಲ್ಲ, ಅದನ್ನೇ ಹಾಕಿ.

ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಸಿ.ಡಿ.ಯ ಹಾಡನ್ನು ವಿಡಿಯೊಗೆ ಸೇರಿಸಿ ಡಿ.ವಿ.ಡಿ. ಮಾಡಿ ಮನೆಮನೆಗೆ ಹಂಚಬೇಕೆಂದರೆ ಜಪಾನಿನ ಕಾನೂನಿನಲ್ಲಿ ಎರಡು ಕಡೆ ಒಪ್ಪಿಗೆ ಬೇಕು. ಹಾಡು ಬರೆದವರ ಪರವಾಗಿ ಜಾಸ್‌ರಾಕ್‌ನಂಥ ಸಂಸ್ಥೆಯದು ಒಂದು, ಧ್ವನಿಮುದ್ರಣಕ್ಕೆ ರೆಕಾರ್ಡ್ ಕಂಪನಿಯದು ಇನ್ನೊಂದು. ಮಕ್ಕಳೇ ಹಾಡಿದ್ದಾದರೆ ಆ ಎರಡನೆಯ ಓಡಾಟ ತಪ್ಪುತ್ತದೆ. ಮೊದಲನೆಯ ಅರ್ಜಿಯನ್ನು ಮಾತ್ರ ಫೆಬ್ರವರಿಯ ಕೊನೆಯವರೆಗೆ ಎಳೆಯಬೇಡಿ.