ಸಾರ್ಡೀನ್ ತಟ್ಟೆ ಎಲ್ಲಿರಬೇಕಿತ್ತು?

ಪ್ರದರ್ಶನಕ್ಕೆ ಒಂದೂವರೆ ಗಂಟೆ ಇರುವಾಗ ನಾನು ಸೈಡ್‌ವಿಂಗ್‌ನ (ರಂಗದ ಪಕ್ಕದ ಮರೆಯ) ಮೇಜಿನ ಮುಂದೆ ಪಟ್ಟಿ ಹಿಡಿದು ನಿಲ್ಲುತ್ತೇನೆ. ಕನ್ನಡಕ, ಲಕೋಟೆ, ಊರುಗೋಲು, ಎರಡು ಲೋಟ, ಬೀಗದ ಕೈ. ಒಂದೊಂದನ್ನೂ ಕೈಯಿಂದ ಮುಟ್ಟಿ, ಹೆಸರು ಹೇಳಿ, ಗುರುತು ಹಾಕುತ್ತೇನೆ. ರಂಗನಿರ್ವಹಣೆ ನನ್ನ ವೃತ್ತಿ. ನಟರು ಮಾತು ಮರೆತರೆ ಹೇಗೋ ದಾಟಿಕೊಳ್ಳುತ್ತಾರೆ. ಲಕೋಟೆ ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ ದಾಟಿಕೊಳ್ಳುವುದು ಕಷ್ಟ. ಯಾರ ಕಣ್ಣಿಗೂ ಬೀಳದ ಈ ಕೆಲಸವನ್ನೇ ವಸ್ತುವಾಗಿಸಿಕೊಂಡ ಪ್ರಹಸನವೊಂದು ಇಂಗ್ಲೆಂಡಿನಲ್ಲಿದೆ. ಮೈಕೆಲ್ ಫ್ರೇನ್ ಬರೆದ ‘ನಾಯ್ಸಸ್ ಆಫ್’. ನನ್ನ ಬಳಿ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಓದಲು ಕೊಡುವ ನಾಟಕ ಅದು.

ಹೆಸರು ಒಂದು ರಂಗಸೂಚನೆ. ರಂಗದ ಮೇಲೆ ಯಾರೂ ಕಾಣುವುದಿಲ್ಲ, ಒಳಗಿನಿಂದ ಗದ್ದಲ ಕೇಳಿಸುತ್ತದೆ ಎಂಬುದನ್ನು ಇಂಗ್ಲಿಷ್ ನಾಟಕಕಾರರು ಹಾಗೆ ಬರೆಯುತ್ತಾರೆ. ಸಂಸ್ಕೃತ ನಾಟಕಗಳನ್ನು ಓದಿದವರಿಗೆ ‘ನೇಪಥ್ಯೇ ಕಲಕಲಃ’ ಎಂಬ ಸೂಚನೆ ಗೊತ್ತಿರುತ್ತದೆ. ಎರಡೂ ಒಂದೇ. ಫ್ರೇನ್ ಮಾಡಿದ್ದೇನೆಂದರೆ, ಆ ಕಲಕಲದ ಮೂಲಕ್ಕೆ ಪ್ರೇಕ್ಷಕರನ್ನು ಕರೆದುಕೊಂಡು ಹೋಗಿ ಕೂರಿಸಿದ್ದು.

ಆ ಯೋಚನೆ ಅವರಿಗೆ ಬಂದಿದ್ದು 1970ರಲ್ಲಿ. ಆ ವರ್ಷ ಅವರ ‘ದಿ ಟು ಆಫ್ ಅಸ್’ ಎಂಬ ಕಿರುನಾಟಕಗಳ ಗುಚ್ಛ ಲಂಡನ್ನಿನಲ್ಲಿ ಪ್ರದರ್ಶನವಾಗುತ್ತಿತ್ತು. ಲಿನ್ ರೆಡ್‌ಗ್ರೇವ್ ಮತ್ತು ರಿಚರ್ಡ್ ಬ್ರೈಯರ್ಸ್ ಇಬ್ಬರೇ ಎಲ್ಲ ಪಾತ್ರಗಳನ್ನೂ ಮಾಡುತ್ತಿದ್ದರು. ಅದರಲ್ಲಿನ ಪ್ರಹಸನದ ಹೊತ್ತಿಗೆ ಒಂದು ಬಾಗಿಲಿನಿಂದ ಹೋದವರು ವೇಷ ಬದಲಿಸಿ ಇನ್ನೊಂದು ಬಾಗಿಲಿನಿಂದ ಬರಬೇಕು. ಫ್ರೇನ್ ಒಂದು ದಿನ ಅದನ್ನು ಸೈಡ್‌ವಿಂಗ್‌ನಲ್ಲಿ ನಿಂತು ನೋಡಿದರು. ಮುಂದಿನಿಂದ ನೋಡುವುದಕ್ಕಿಂತ ಹಿಂದಿನಿಂದ ನೋಡಿದರೇ ಹೆಚ್ಚು ನಗು ಬರುತ್ತದೆ ಎಂದು ಅವರಿಗೆ ಅನ್ನಿಸಿತು. ನಮ್ಮಂಥವರಿಗೆ ಇದು ದಿನವೂ ಕಾಣುವ ನೋಟ. ಅಲ್ಲೊಂದು ನಾಟಕವಿದೆ ಎಂದು ಕಾಣಲು ಮಾತ್ರ ಅವರೇ ಬರಬೇಕಾಯಿತು.

ಬರವಣಿಗೆ ಸುಲಭವಾಗಿ ಕೂಡಿ ಬರಲಿಲ್ಲ. 1977ರಲ್ಲಿ ‘ಎಕ್ಸಿಟ್ಸ್’ ಎಂಬ ಏಕಾಂಕವಾಗಿ ಅದು ಮೊದಲು ರಂಗಕ್ಕೆ ಬಂತು. ಅದನ್ನು ಪೂರ್ಣ ಪ್ರಮಾಣದ ನಾಟಕವಾಗಿ ಬೆಳೆಸಿ ಎಂದು ನಿರ್ಮಾಪಕ ಮೈಕೆಲ್ ಕಾಡ್ರನ್ ಕೇಳಿಕೊಂಡರು. 1982ರ ಫೆಬ್ರವರಿಯಲ್ಲಿ, ಪಶ್ಚಿಮ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿರುವ ಲಿರಿಕ್ ರಂಗಮಂದಿರದಲ್ಲಿ, ಮೈಕೆಲ್ ಬ್ಲೇಕ್‌ಮೋರ್ ನಿರ್ದೇಶನದಲ್ಲಿ ‘ನಾಯ್ಸಸ್ ಆಫ್’ ತೆರೆ ಕಂಡಿತು. ಪೆಟ್ರೀಷಿಯಾ ರೌಟ್‌ಲೆಜ್, ಪಾಲ್ ಎಡಿಂಗ್ಟನ್, ನಿಕಿ ಹೆನ್ಸನ್ ಮೊದಲ ತಂಡದಲ್ಲಿದ್ದರು. ಮಾರ್ಚ್ 31ಕ್ಕೆ ನಾಟಕ ಲಂಡನ್ನಿನ ಮುಖ್ಯ ರಂಗಮಂದಿರಗಳಿರುವ ವೆಸ್ಟ್ ಎಂಡ್‌ನ ಸವಾಯ್ ರಂಗಮಂದಿರಕ್ಕೆ ಹೋಯಿತು. ಅಲ್ಲಿ 1987ರವರೆಗೆ ನಡೆಯಿತು. ಅಷ್ಟರಲ್ಲಿ ಒಂದರ ನಂತರ ಒಂದರಂತೆ ಐದು ನಟತಂಡಗಳು ಅದನ್ನು ಆಡಿದ್ದವು.

ಐದು ತಂಡಗಳು ಎಂಬ ಮಾತಿನ ಹತ್ತಿರ ನಾನು ಪ್ರತಿ ಸಲ ನಿಲ್ಲುತ್ತೇನೆ. ಒಂಬತ್ತು ಜನರ ಇಡೀ ತಂಡ ಬದಲಾಗಿಯೂ ನಾಟಕ ನಿಲ್ಲದೆ ನಡೆಯಬೇಕಾದರೆ ಪ್ರತಿಯೊಬ್ಬರ ಪ್ರತಿ ಹೆಜ್ಜೆಯೂ ಎಲ್ಲೋ ಬರೆದಿಟ್ಟಿರಬೇಕು. ಯಾರ ಪ್ರತಿಭೆಯನ್ನೂ ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಐದು ವರ್ಷ ಆ ನಾಟಕವನ್ನು ಹೊತ್ತದ್ದು ರಂಗನಿರ್ವಾಹಕರ ಪ್ರತಿ (ಎಲ್ಲ ಚಲನೆಗಳನ್ನೂ ಗುರುತು ಹಾಕಿಟ್ಟ ನಾಟಕದ ಪುಸ್ತಕ) ಎಂದೇ ನನ್ನ ನಂಬಿಕೆ.

ಕಥೆ ಕೇಳಿ. ‘ನಥಿಂಗ್ ಆನ್’ ಎಂಬ ಒಂದು ಸಾಧಾರಣ ಪ್ರಹಸನವನ್ನು ಹೊತ್ತುಕೊಂಡು ಒಂದು ತಂಡ ಇಂಗ್ಲೆಂಡಿನ ಊರೂರು ಸುತ್ತುತ್ತದೆ. ಆ ಒಳನಾಟಕದ ಮೊದಲ ಅಂಕವನ್ನು ನಾವು ಮೂರು ಸಲ ನೋಡುತ್ತೇವೆ. ಮೊದಲ ಸಲ ವೆಸ್ಟನ್-ಸೂಪರ್-ಮೇರ್ ಎಂಬ ಕಡಲ ಊರಿನಲ್ಲಿ, ಮರುದಿನ ಪ್ರದರ್ಶನವಿದ್ದರೂ ನಡುರಾತ್ರಿ ಮೀರಿ ಎಳೆಯುತ್ತಿರುವ ಗ್ರ್ಯಾಂಡ್ ರಿಹರ್ಸಲ್. ಎರಡನೆಯ ಸಲ, ಒಂದು ತಿಂಗಳ ನಂತರ, ಆಶ್ಟನ್-ಅಂಡರ್-ಲೈನ್‌ನ ಮಧ್ಯಾಹ್ನದ ಪ್ರದರ್ಶನ. ಈಗ ಸೆಟ್ಟು ಪೂರ್ತಿ ತಿರುಗಿ ನಿಂತಿರುತ್ತದೆ, ನಮಗೆ ಕಾಣುವುದು ಸೆಟ್ಟಿನ ಗೋಡೆಗಳಾದ ಫ್ಲ್ಯಾಟುಗಳ ಬೆನ್ನು. ಮೂರನೆಯ ಸಲ ಸ್ಟಾಕ್‌ಟನ್-ಆನ್-ಟೀಸ್‌ನಲ್ಲಿ, ಪ್ರವಾಸದ ಕೊನೆಯ ದಿನಗಳಲ್ಲಿ, ಮತ್ತೆ ಮುಂದಿನಿಂದ. ಅಷ್ಟು ಹೊತ್ತಿಗೆ ತಂಡದವರ ಪ್ರೇಮ, ಹೊಟ್ಟೆಕಿಚ್ಚು, ಮುನಿಸುಗಳೆಲ್ಲ ಸೇರಿ ನಾಟಕವೇ ಕುಸಿಯುತ್ತಿರುತ್ತದೆ. ತಮಾಷೆ ಪ್ರೇಕ್ಷಕರ ಕೈಗೂ ಬರುತ್ತದೆ: ನಿಜವಾದ ನಾಟಕದ ಕರಪತ್ರದೊಳಗೆ ‘ನಥಿಂಗ್ ಆನ್’ನದೇ ಇನ್ನೊಂದು ಕರಪತ್ರವನ್ನು ಫ್ರೇನ್ ಬರೆದು ಸೇರಿಸಿದ್ದಾರೆ, ಇಲ್ಲದ ನಟರ ಪರಿಚಯ ಸಮೇತ.

ಈ ನಾಟಕವನ್ನು ಮಾಡಲು ಹೊರಡುವವರು ಸಾಮಾನ್ಯವಾಗಿ ಎಡವುವುದು ಮೊದಲ ಅಂಕದಲ್ಲಿ. ಎರಡನೆಯ ಅಂಕದ ಓಡಾಟ ಪ್ರಸಿದ್ಧ. ಹಾಗಾಗಿ ಮೊದಲನೆಯದನ್ನು ಬೇಗ ಮುಗಿಸಿ ಅಲ್ಲಿಗೆ ಓಡಬೇಕೆಂಬ ಆತುರ ಎಲ್ಲರಿಗೂ. ಅದು ತಪ್ಪು. ಮೊದಲ ಅಂಕ ಪ್ರೇಕ್ಷಕರಿಗೆ ಪಾಠ. ಡಾಟಿ ಎಂಬ ಹಿರಿಯ ನಟಿ ಮನೆಕೆಲಸದಾಕೆಯ ಪಾತ್ರದಲ್ಲಿ ಸಾರ್ಡೀನ್ ತಟ್ಟೆ ಹಿಡಿದು ಬರುತ್ತಾಳೆ (ಸಾರ್ಡೀನ್ ನಮ್ಮ ಕರಾವಳಿಯ ಬೂತಾಯಿಯ ಬಳಗದ ಮೀನು). ಫೋನು ಮೊಳಗುತ್ತದೆ. ಮಾತು ಮುಗಿದ ಮೇಲೆ ಅವಳು ರಿಸೀವರನ್ನು ಇಡಬೇಕು, ತಟ್ಟೆಯನ್ನು ಅಲ್ಲೇ ಬಿಡಬೇಕು, ಪತ್ರಿಕೆಯನ್ನು ಮಾತ್ರ ಎತ್ತಿಕೊಂಡು ಒಳಗೆ ಹೋಗಬೇಕು. ಅವಳಿಗೆ ನೆನಪಿರುವುದಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಒಯ್ಯಬೇಕು ಎಂದು ನಿರ್ದೇಶಕ ಲಾಯ್ಡ್ ಕತ್ತಲ ಸಭಾಂಗಣದಿಂದ ಮತ್ತೆ ಮತ್ತೆ ಹೇಳುತ್ತಾನೆ. ಪ್ರೇಕ್ಷಕರು ಡಾಟಿಯ ಪೇಚಾಟಕ್ಕೆ ನಗುತ್ತಾ, ತಮಗೆ ತಿಳಿಯದಂತೆಯೇ, ತಟ್ಟೆಯ ಜಾಗವನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಮೂರನೆಯ ಅಂಕದಲ್ಲಿ ತಟ್ಟೆ ಇರಬಾರದ ಕಡೆ ಕಾಣಿಸಿಕೊಂಡರೆ ಒಂದು ಮಾತೂ ಬೇಕಾಗುವುದಿಲ್ಲ.

ಈ ಪಾಠವಿಲ್ಲದೆ ನಗುವಿಲ್ಲ ಎಂಬುದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಬಹಳ ವರ್ಷಗಳ ಹಿಂದೆ ಒಂದು ಕನ್ನಡ ನಗೆನಾಟಕದಲ್ಲಿ ಎಡಬದಿಯ ಮೇಜಿನ ಮೇಲಿಡಬೇಕಾದ ಕಾಗದವನ್ನು ಬಲಬದಿಯಲ್ಲಿಟ್ಟೆ. ನಾಯಕ ಬಂದು ಹುಡುಕಿದ. ಜೇಬು ತಡಕಿದ, ಮೇಜಿನ ಕೆಳಗೆ ಬಗ್ಗಿದ, ಕೊನೆಗೆ ಏನೋ ಮಾತು ಕಟ್ಟಿ ಹೊರಗೆ ಹೋದ. ವಿಂಗ್‌ನಲ್ಲಿದ್ದ ನಾವೆಲ್ಲ ಬೆವರಿದೆವು. ಸಭಾಂಗಣದಲ್ಲಿ ಒಬ್ಬರೂ ನಗಲಿಲ್ಲ, ಒಬ್ಬರೂ ಗೊಣಗಲಿಲ್ಲ. ಕಾಗದ ಎಲ್ಲಿರಬೇಕಿತ್ತೆಂದು ಅವರಿಗೆ ತಿಳಿದೇ ಇರಲಿಲ್ಲ. ಅವರ ಪಾಲಿಗೆ ಅಲ್ಲಿ ತಪ್ಪೇ ನಡೆದಿರಲಿಲ್ಲ. ಆ ರಾತ್ರಿ ಮನೆಗೆ ಹೋಗಿ ಫ್ರೇನ್‌ನ ಮೊದಲ ಅಂಕವನ್ನು ಮತ್ತೆ ಓದಿದೆ. ಅದರಲ್ಲಿ ಅಷ್ಟೊಂದು ಪುನರಾವರ್ತನೆ ಯಾಕಿದೆ ಎಂಬುದು ಆಗ ಅರ್ಥವಾಯಿತು.

ಅದೇ ಅಂಕದಲ್ಲಿ ಫ್ರೆಡರಿಕ್ ಎಂಬ ನಟ ಒಂದು ಪ್ರಶ್ನೆ ಕೇಳುತ್ತಾನೆ: ನಾನು ಈ ದಿನಸಿ ಪೆಟ್ಟಿಗೆಯನ್ನು ಹೊತ್ತು ಒಳಕೋಣೆಗೆ ಯಾಕೆ ಹೋಗಬೇಕು? ನಿಜವಾದ ಉತ್ತರ, ಮುಂದಿನ ದೃಶ್ಯದಲ್ಲಿ ಆ ಪೆಟ್ಟಿಗೆ ರಂಗದ ಮೇಲೆ ಇರಬಾರದು, ಅಷ್ಟೆ. ಆದರೆ ನಟನಿಗೆ ಮನಸ್ಸಿನ ಕಾರಣ ಬೇಕು. ಕೊನೆಗೆ, ಅವನನ್ನು ಹೆಂಡತಿ ಬಿಟ್ಟುಹೋಗಿದ್ದಾಳೆಂದು ತಿಳಿದ ಲಾಯ್ಡ್ ಒಂದು ಕಾರಣ ಕಟ್ಟಿಕೊಡುತ್ತಾನೆ: ಆದಾಯ ತೆರಿಗೆಯ ಮಾತು ಕೇಳಿ ಬೆದರಿದ ಪಾತ್ರಕ್ಕೆ ಹಿಡಿದುಕೊಳ್ಳಲು ಪರಿಚಿತವಾದದ್ದು ಏನಾದರೂ ಬೇಕು. ಎಲ್ಲ ತಾಲೀಮಿನ ಕೋಣೆಗಳಲ್ಲೂ ಈ ಪ್ರಶ್ನೆ ಬರುತ್ತದೆ. ಫ್ರೇನ್ ಇಲ್ಲಿ ನಟನನ್ನು ಹಾಸ್ಯಕ್ಕೆ ಗುರಿ ಮಾಡಿದ್ದಾರೆ ಎಂದು ಹಲವರು ಭಾವಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಕಾರಣ ಸುಳ್ಳಾದರೂ ಫ್ರೆಡರಿಕ್ ಅದನ್ನು ಹಿಡಿದುಕೊಂಡು ಕೃತಜ್ಞತೆಯಿಂದ ಕೆಲಸಕ್ಕೆ ಮರಳುತ್ತಾನೆ. ಅಷ್ಟು ಕರುಣೆ ಈ ನಾಟಕದೊಳಗೆ ಇದೆ.

ಎರಡನೆಯ ಅಂಕಕ್ಕೆ ಬರೋಣ. ಫ್ಲ್ಯಾಟಿನ ಆಚೆ ಪ್ರದರ್ಶನ ನಡೆಯುತ್ತಿದೆ. ಆಚೆಗಿನ ಪ್ರೇಕ್ಷಕರಿಗೆ ಕೇಳಿಸುವುದರಿಂದ ಈಚೆ ಯಾರೂ ಬಾಯಿ ಬಿಡುವಂತಿಲ್ಲ. ಜಗಳವೆಲ್ಲ ಮೂಕವಾಗಿ ನಡೆಯಬೇಕು. ಡಾಟಿಯ ಪ್ರಿಯಕರನಾದ ನಟ ಗ್ಯಾರಿಗೆ ಅವಳ ಮೇಲೆ ಅನುಮಾನ. ಅವನ ಕೈಗೆ ಕೊಡಲಿ ಸಿಗುತ್ತದೆ. ಮುದಿ ನಟ ಸೆಲ್ಸ್‌ಡನ್‌ನಿಂದ ಬಚ್ಚಿಡಬೇಕಾದ ವಿಸ್ಕಿ ಬಾಟಲಿ ಕೈಯಿಂದ ಕೈಗೆ ಹೋಗುತ್ತದೆ. ಒಬ್ಬಳಿಗೆ ತರಿಸಿದ ಹೂಗುಚ್ಛ ಇನ್ನೊಬ್ಬಳ ಕೈ ಸೇರುತ್ತದೆ. ಇಷ್ಟರ ನಡುವೆ ಪ್ರತಿಯೊಬ್ಬರೂ ಸರಿಯಾದ ಕ್ಷಣಕ್ಕೆ ಬಾಗಿಲು ತೆರೆದು, ಮುಖದ ಮೇಲೆ ನಗು ತಂದುಕೊಂಡು, ಆಚೆ ಹೋಗಿ ಮಾತು ಹೇಳಬೇಕು.

ಇದು ಹೇಗೆ ನಡೆಯುತ್ತದೆ? ಗಡಿಯಾರ ಬೇರೆಲ್ಲೂ ಇಲ್ಲ, ಆಚೆಯಿಂದ ಕೇಳಿಬರುವ ‘ನಥಿಂಗ್ ಆನ್’ನ ಮಾತುಗಳೇ ಗಡಿಯಾರ. ಇಂಥ ಮಾತಿಗೆ ಕೊಡಲಿ ಎತ್ತಬೇಕು, ಇಂಥ ಮಾತಿಗೆ ಬೇರೊಬ್ಬಳು ಅದನ್ನು ಕಿತ್ತುಕೊಳ್ಳಬೇಕು. ಅದಕ್ಕೇ ಮುದ್ರಿತ ಪಠ್ಯದಲ್ಲಿ ಪುಟ ಎರಡಾಗಿ ಸೀಳಿದೆ: ಒಂದು ಕಡೆ ಆಚೆಯ ಸಂಭಾಷಣೆ, ಇನ್ನೊಂದು ಕಡೆ ಈಚೆಯ ಕ್ರಿಯೆ. ಮೊದಲ ಸಲ ಓದಿದಾಗ ಏನೂ ತಿಳಿಯುವುದಿಲ್ಲ. ನಾನು ಓದಿದ್ದು ಮೇಜಿನ ಮೇಲೆ ಬೆಂಕಿಪೊಟ್ಟಣ, ಚಮಚ, ಸೀಸೆಯ ಮುಚ್ಚಳಗಳನ್ನು ಪಾತ್ರಗಳೆಂದು ಇಟ್ಟು, ಸಾಲು ಸಾಲಿಗೂ ಸರಿಸುತ್ತಾ. ಮೊದಲ ಅಂಕದ ಪಾಠ ಇಲ್ಲಿಯೂ ಕೆಲಸ ಮಾಡುತ್ತದೆ. ಆಚೆಯ ಮಾತುಗಳನ್ನು ಈಗಾಗಲೇ ಕೇಳಿರುವ ಪ್ರೇಕ್ಷಕರಿಗೆ ಮುಂದಿನ ಬಾಗಿಲು ಯಾವುದು, ಹೋಗಬೇಕಾದವರು ಯಾರು ಎಂದು ಗೊತ್ತು. ಹೋಗಬೇಕಾದವನು ಇನ್ನೂ ಇಲ್ಲೇ ಇದ್ದಾನೆ ಎಂಬುದೂ ಕಾಣುತ್ತದೆ. ಅವರು ಉಸಿರು ಬಿಗಿಹಿಡಿಯುವುದು ಅಲ್ಲಿ.

ಮೂರನೆಯ ಅಂಕದಲ್ಲಿ ಎಲ್ಲರೂ ಬಿದ್ದ ಗೋಡೆಗೆ ಆನಿಕೆ ಕೊಡುವಂತೆ ಹೊಸ ಮಾತು ಹೊಸೆಯುತ್ತಾರೆ. ತಂಡದ ಯುವನಟಿ ಬ್ರೂಕ್ ಒಬ್ಬಳನ್ನು ಬಿಟ್ಟು. ಸುತ್ತ ಏನೇ ಆದರೂ ಅವಳು ಬರೆದ ಮಾತನ್ನೇ ಬರೆದ ಹಾಗೆಯೇ ಹೇಳುತ್ತಾ ಹೋಗುತ್ತಾಳೆ. ಅವಳನ್ನು ದಡ್ಡಿಯೆಂದು ಆಡಿಸುವ ನಿರ್ದೇಶಕರು ಅವಳ ಪಾತ್ರದ ಕೆಲಸವನ್ನು ಗಮನಿಸಿಲ್ಲ. ಅವಳು ಅಳತೆಗೋಲು. ಮೂಲ ನಾಟಕ ಎಲ್ಲಿತ್ತು, ಈಗ ಎಷ್ಟು ದೂರ ಬಂದಿದ್ದೇವೆ ಎಂಬುದನ್ನು ಅವಳ ಒಂದೊಂದು ಸಾಲೂ ತೋರಿಸುತ್ತದೆ. ಒಬ್ಬ ಕಳ್ಳ ಬರಬೇಕಾದ ಕಿಟಕಿಯಿಂದ ಮೂವರು ಕಳ್ಳರು ಬಂದಾಗಲೂ ಅವಳ ಮಾತಿನಲ್ಲಿ ಒಂದಕ್ಷರ ವ್ಯತ್ಯಾಸವಾಗಬಾರದು.

ಫ್ರೇನ್ ಈ ವಿದ್ಯೆಯನ್ನು ಶೂನ್ಯದಿಂದ ತರಲಿಲ್ಲ. 1920ರ ದಶಕದಲ್ಲಿ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರಕ್ಕಾಗಿ ಬೆನ್ ಟ್ರಾವರ್ಸ್ ಬರೆದ ಪ್ರಹಸನಗಳು, 1950ರಿಂದ 1966ರವರೆಗೆ ವೈಟ್‌ಹಾಲ್ ರಂಗಮಂದಿರದಲ್ಲಿ ಬ್ರಯನ್ ರಿಕ್ಸ್ ನಡೆಸಿದ ಪ್ರಹಸನಗಳು ಬ್ರಿಟಿಷ್ ಪ್ರೇಕ್ಷಕರಿಗೆ ಬಾಗಿಲು, ಮೆಟ್ಟಿಲು, ಜಾರಿದ ಪ್ಯಾಂಟುಗಳ ವ್ಯಾಕರಣವನ್ನು ಚೆನ್ನಾಗಿ ಕಲಿಸಿದ್ದವು. ‘ನಥಿಂಗ್ ಆನ್’ ಆ ವ್ಯಾಕರಣದ ಅಣಕು. ಅಣಕು ಮಾತ್ರವಾಗಿದ್ದರೆ ಆ ಪರಂಪರೆಯ ಜೊತೆಗೇ ಮರೆಯಾಗುತ್ತಿತ್ತು.

‘ನಾಯ್ಸಸ್ ಆಫ್’ ನ್ಯೂಯಾರ್ಕ್‌ನಲ್ಲಿ 1983ರ ಡಿಸೆಂಬರ್‌ನಲ್ಲಿ ಬ್ಲೇಕ್‌ಮೋರ್ ಅವರ ನಿರ್ದೇಶನದಲ್ಲೇ ಆರಂಭವಾಗಿ 553 ಪ್ರದರ್ಶನ ಕಂಡಿತು. 2000ದಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ಜೆರೆಮಿ ಸ್ಯಾಮ್ಸ್ ನಿರ್ದೇಶನದಲ್ಲಿ ಮತ್ತೆ ಎತ್ತಿಕೊಂಡಿತು. ಆ ಪ್ರಯೋಗ ಮರುವರ್ಷ ನ್ಯೂಯಾರ್ಕ್‌ನ ಬ್ರಾಡ್‌ವೇ ತಲುಪಿತು, ಬ್ರೂಕ್ ಪಾತ್ರಕ್ಕೆ ಕೇಟಿ ಫಿನ್ನರನ್ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಪಡೆದರು. 2011ರಲ್ಲಿ ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರ. 2019ರಲ್ಲಿ, ಹುಟ್ಟಿದ ಮನೆಯಾದ ಹ್ಯಾಮರ್‌ಸ್ಮಿತ್‌ನ ಲಿರಿಕ್‌ಗೇ ಮರಳಿತು. ಈ ಹೊತ್ತಿಗೆ ಫ್ರೇನ್ ಪರಮಾಣು ವಿಜ್ಞಾನಿಗಳಾದ ಬೋರ್ ಮತ್ತು ಹೈಸನ್‌ಬರ್ಗ್ ಕುರಿತ ‘ಕೋಪನ್‌ಹೇಗನ್’ (1998) ಬರೆದ ಗಂಭೀರ ನಾಟಕಕಾರರೆಂದೂ ಹೆಸರಾಗಿದ್ದರು. ಅದನ್ನು ನಿರ್ದೇಶಿಸಿದ್ದೂ ಬ್ಲೇಕ್‌ಮೋರ್ ಅವರೇ. ಅಲ್ಲೂ ಒಂದೇ ಭೇಟಿಯನ್ನು ಮತ್ತೆ ಮತ್ತೆ ಆಡಿ ನೋಡುತ್ತಾರೆ. ನನ್ನ ಮಟ್ಟಿಗೆ ಈ ಎರಡು ನಾಟಕಗಳು ಅಕ್ಕ ತಂಗಿಯರು.

ಸೋತದ್ದು ಸಿನಿಮಾ. 1992ರಲ್ಲಿ ಪೀಟರ್ ಬಾಗ್ಡನೋವಿಚ್ ಅದನ್ನು ಅಮೆರಿಕಕ್ಕೆ ಒಗ್ಗಿಸಿ ಚಿತ್ರ ಮಾಡಿದರು. ಮೈಕೆಲ್ ಕೇನ್, ಕ್ಯಾರಲ್ ಬರ್ನೆಟ್‌ರಂಥ ಸಮರ್ಥರು ಇದ್ದರು. ಆದರೆ ಕ್ಯಾಮೆರಾ ಎಲ್ಲಿ ನೋಡಬೇಕೆಂದು ಹೇಳಿಬಿಡುತ್ತದೆ. ರಂಗದ ಎದುರು ಕುಳಿತವರ ಕಣ್ಣು ಒಂಬತ್ತು ದೇಹಗಳ ನಡುವೆ ತಾನೇ ಓಡುತ್ತದೆ, ಕೊಡಲಿ ಹೋದ ದಾರಿಯನ್ನು ತಾನೇ ಹುಡುಕುತ್ತದೆ, ಕೆಲವನ್ನು ತಪ್ಪಿಸಿಕೊಳ್ಳುತ್ತದೆ. ಪಕ್ಕದವರು ನಕ್ಕಾಗ ‘ಅಯ್ಯೋ, ಏನಾಯಿತು?’ ಎಂದು ತಿರುಗಿ ನೋಡುವ ಆ ಸುಖವನ್ನು ತೆರೆ ಕೊಡಲಾರದು.

ಇದನ್ನು ಆಡಲು ಬಯಸುವ ತಂಡಗಳು ನನ್ನನ್ನು ಕೇಳಿದರೆ ನಾನು ಹೇಳುವುದು ಇಷ್ಟು. ಪಾತ್ರ ಹಂಚುವ ಮೊದಲೇ ಸೆಟ್ಟು ಮಾಡಿಸಿ. ನೆಲಕ್ಕೆ ಟೇಪು ಅಂಟಿಸಿ ಬಾಗಿಲೆಂದು ಊಹಿಸಿಕೊಂಡು ತಾಲೀಮು ಮಾಡುವ ನಮ್ಮ ರೂಢಿ ಇಲ್ಲಿ ನಡೆಯದು. ಮೊದಲ ದಿನದಿಂದಲೇ ನಿಜವಾದ ಚೌಕಟ್ಟು, ನಿಜವಾದ ಚಿಲಕ, ಭಾರ ತಡೆಯುವ ಮೆಟ್ಟಿಲು ಬೇಕು. ಬಾಗಿಲು ತೆರೆಯಲು ಎಷ್ಟು ಹೊತ್ತು ಬೇಕು ಎಂಬುದು ಕೈಗೆ ಗೊತ್ತಾಗಬೇಕು. ಗ್ಯಾರಿ ಮೆಟ್ಟಿಲಿನಿಂದ ಉರುಳುವುದನ್ನು ತಿಳಿದವರಿಂದ ಕಲಿತು, ಪ್ರತಿ ಪ್ರದರ್ಶನಕ್ಕೂ ಮೊದಲು ನಿಧಾನವಾಗಿ ಒಮ್ಮೆ ಮಾಡಿ ನೋಡಿ. ಸೆಟ್ಟಿನ ಎರಡೂ ಬದಿಗೆ ಎರಡು ಪ್ರಾಪರ್ಟಿ ಮೇಜು ಇಡಿ, ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಪ್ರತಿ ವಸ್ತುವಿನ ಸುತ್ತ ಗೆರೆ ಎಳೆದು ಹೆಸರು ಬರೆಯಿರಿ. ಒಂದು ಗೆರೆಯೊಳಗೆ ಖಾಲಿ ಕಂಡರೆ ಮೂರನೆಯ ಬೆಲ್ ಹೊಡೆಯಬೇಡಿ.