ಪದ ಪರಿಚಯ: ಕೇರ್‌ಟೇಕರ್ ಕೋಚ್ ಅಲಿಯಾಸ್ ಹಂಗಾಮಿ ಕೋಚ್

ಬೆಂಗಳೂರಲ್ಲಿ ಕೇರ್‌ಟೇಕರ್ ಅಂದ್ರೆ ಪಿಜಿಲಿ ಮೋಟರ್ ಆನ್ ಮಾಡೋನು, ರಾತ್ರಿ ಹನ್ನೊಂದು ದಾಟಿದ್ರೆ ಗೊಣಗ್ಕೊಂಡು ಗೇಟ್ ತೆಗೆಯೋನು. ಅದಕ್ಕೇ ಆಸ್ಟ್ರೇಲಿಯಾದ ಫುಟಿ ಸುದ್ದಿಲಿ ಮೊದಲ ಸಲ 'ಕೇರ್‌ಟೇಕರ್ ಕೋಚ್' ಅಂತ ನೋಡಿದಾಗ ಗ್ರೌಂಡಿನ ಬೀಗದ ಕೈ ಇಟ್ಕೊಂಡಿರೋ ಮನುಷ್ಯ ಯಾರೋ ಇರ್ಬೇಕು ಅನ್ಕೊಂಡಿದ್ದೆ. ಅಲ್ವಂತೆ. ಸೀಸನ್ ನಡೀತಿರೋವಾಗ್ಲೇ ಹೆಡ್ ಕೋಚ್‌ನ ಮನೆಗೆ ಕಳಿಸಿದ್ರೆ, ಉಳಿದ ಮ್ಯಾಚುಗಳಿಗೆ ಆ ಕುರ್ಚಿಲಿ ಕೂರೋರು ಇವ್ರು, ಸಾಮಾನ್ಯವಾಗಿ ನಿನ್ನೆವರೆಗೂ ಅದೇ ಟೀಮಿನ ಅಸಿಸ್ಟೆಂಟ್ ಕೋಚ್ ಆಗಿದ್ದೋರು.

ಫುಟಿ ಅಂದ್ರೆ ಇಲ್ಲಿ ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್. ಮೊಟ್ಟೆ ಆಕಾರದ ಗ್ರೌಂಡು, ಅದೇ ಆಕಾರದ ಚೆಂಡು, ಕಡೆಗೆ 18 ಜನ. ಎಎಫ್‌ಎಲ್ ಅನ್ನೋ ಲೀಗಲ್ಲಿ 18 ಟೀಮು, ಮಾರ್ಚ್‌ನಲ್ಲಿ ಶುರುವಾದ್ರೆ ಸೆಪ್ಟೆಂಬರ್ ಕೊನೆಗೆ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡಲ್ಲಿ ಫೈನಲ್. ಇಷ್ಟು ಗೊತ್ತಿದ್ರೆ ಸಾಕು.

ಕನ್ನಡದಲ್ಲಿ ಇದಕ್ಕೆ ಏನನ್ಬೇಕು? ಸರ್ಕಾರಿ ಆಫೀಸಲ್ಲಿ ಪ್ರಭಾರ ಅಂತಾರೆ, ಆದ್ರೆ ಪ್ರಭಾರ ಅಂದ್ರೆ ತನ್ನ ಹುದ್ದೆ ಜೊತೆ ಇನ್ನೊಂದನ್ನೂ ನೋಡ್ಕೊಳ್ಳೋದು, ಒಂದು ತಾಲೂಕಿನ ಸಾಹೇಬ್ರಿಗೆ ಪಕ್ಕದ ತಾಲೂಕೂ ವಹಿಸಿದ ಹಾಗೆ. ಉಸ್ತುವಾರಿ ಅಂದ್ರೆ ಜಿಲ್ಲಾ ಮಂತ್ರಿ ನೆನಪಾಗ್ತಾರೆ, ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿಸೋರು. ನನ್ನ ಕೇಳಿದ್ರೆ ಸರಿಯಾದ ಮಾತು ಹಂಗಾಮಿ. ಹಂಗಾಮಿ ಕುಲಪತಿ, ಹಂಗಾಮಿ ಸ್ಪೀಕರ್ ಅಂತ ಪೇಪರಲ್ಲಿ ಓದ್ತಾನೇ ಇರ್ತೀವಿ, ಆದ್ರೆ ಆ ಪದದ ಒಳಗೆ ಕೂತಿರೋ ಹಂಗಾಮು ನಮ್ಮ ಗಮನಕ್ಕೆ ಬರಲ್ಲ. ಪಾರ್ಸಿಯಿಂದ ಬಂದ ಪದ ಅದು, ಅರ್ಥ ಕಾಲ, ಸೀಸನ್ನು. ಮುಂಗಾರು ಹಂಗಾಮು, ಹಿಂಗಾರು ಹಂಗಾಮು, ಕಬ್ಬು ನುರಿಸೋ ಹಂಗಾಮು ಅಂತ ರೈತರ ಬಾಯಲ್ಲಿ ದಿನಾ ಇರತ್ತೆ. ಅಂದ್ರೆ ಹಂಗಾಮಿ ಅಂದ್ರೆ ಆ ಸೀಸನ್ ಮಟ್ಟಿಗೆ ಇರೋನು. ಫುಟಿ ಕೋಚಿಗೆ ಇದು ಅಕ್ಷರಶಃ ನಿಜ, ಇಂಗ್ಲಿಷಿನ ಕೇರ್‌ಟೇಕರ್‌ಗಿಂತ ನಮ್ಮ ಪದವೇ ಹೆಚ್ಚು ಒಪ್ಪತ್ತೆ.

ಸರಿ, ಸೀಸನ್ ಮುಗಿಯೋವರೆಗೂ ಕಾಯದೆ ಮಧ್ಯದಲ್ಲೇ ಯಾಕೆ ಕಳಿಸ್ತಾರೆ? ಒಂದು ಕಾರಣ, ಬದಲಾಯಿಸೋಕೆ ಕೈಗೆ ಸಿಗೋದು ಕೋಚ್ ಒಬ್ಬನೇ. ಆಟಗಾರರ ಕೊಡು-ಕೊಳ್ಳು ಎಲ್ಲಾ ಸೀಸನ್ ಮುಗಿದ್ಮೇಲೆ, ಹೊಸ ಹುಡುಗರ ಮುಖ್ಯ ಡ್ರಾಫ್ಟು (ಕ್ಲಬ್ಬುಗಳು ಸರದಿ ಪ್ರಕಾರ ಹೊಸಬರನ್ನ ಆರಿಸ್ಕೊಳ್ಳೋದು) ವರ್ಷದ ಕೊನೆಗೆ, ಜೂನ್ ತಿಂಗಳಲ್ಲಿ ಹತ್ತು ಮ್ಯಾಚ್ ಸೋತು ಕೂತಿರೋ ಕ್ಲಬ್ಬು ನಲವತ್ತು ಚಿಲ್ಲರೆ ಆಟಗಾರರಿಗೆ ಏನೂ ಮಾಡೋಕಾಗಲ್ಲ. ಇನ್ನೊಂದು, ಖಾಲಿ ಇರೋ ಒಳ್ಳೆ ಕೋಚ್‌ನ ಬೇರೆ ಕ್ಲಬ್ಬಿನೋರು ಹಾರಿಸ್ಕೊಂಡು ಹೋಗೋಕೆ ಮುಂಚೆ ಹುಡುಕಾಟ ಶುರು ಮಾಡ್ಬೇಕು. ಆಮೇಲೆ ಮೆಂಬರ್‌ಗಳ ಸಿಟ್ಟು, ಕ್ಲಬ್ ನಡೆಯೋದರಲ್ಲಿ ಅವರ ದುಡ್ಡಿಗೂ ದೊಡ್ಡ ಪಾಲಿದೆ. 'ಕೋಚ್‌ಗೆ ಬೋರ್ಡಿನ ಪೂರ್ತಿ ಬೆಂಬಲ ಇದೆ' ಅಂತ ಅಧ್ಯಕ್ಷರು ಹೇಳಿದ್ರು ಅಂದ್ರೆ ಫ್ಯಾನ್‌ಗಳು ದಿನ ಎಣಿಸೋಕೆ ಶುರು ಮಾಡ್ತಾರೆ.

ಈ ಪದನ ಚೆನ್ನಾಗಿ ಅರ್ಥ ಮಾಡ್ಕೋಬೇಕಂದ್ರೆ ಕಾರ್ಲ್‌ಟನ್ ಕ್ಲಬ್ ನೋಡ್ಬೇಕು. 1864ರಲ್ಲಿ ಹುಟ್ಟಿದ ದೊಡ್ಡ ಮನೆತನ, 16 ಪ್ರೀಮಿಯರ್‌ಶಿಪ್, ಅಂದ್ರೆ ಲೀಗಿನ ಕಪ್, ಗೆದ್ದಿದ್ದಾರೆ, ಕೊನೇದು 1995ರಲ್ಲಿ. 2007ರ ಜುಲೈಲಿ ಡೆನಿಸ್ ಪೇಗನ್‌ರನ್ನ ತೆಗೆದು, 1995ರ ಗೆದ್ದ ಟೀಮಲ್ಲಿ ಆಡಿದ್ದ ಬ್ರೆಟ್ ರಾಟನ್‌ರನ್ನ ಹಂಗಾಮಿಯಾಗಿ ಕೂರಿಸಿದ್ರು. ಆರು ಮ್ಯಾಚು, ಆರೂ ಸೋಲು. ಆದ್ರೂ ಕೆಲಸ ಖಾಯಂ ಆಯ್ತು! ಇಲ್ಲೊಂದು ತಮಾಷೆ ಇದೆ. ಈ ಲೀಗಲ್ಲಿ ಕೆಳಗಿನ ಡಿವಿಷನ್‌ಗೆ ಇಳಿಸೋ ಪದ್ಧತಿ ಇಲ್ಲ, ಬದಲಿಗೆ ಕೆಳಗಿದ್ದೋರಿಗೆ ಡ್ರಾಫ್ಟಲ್ಲಿ ಒಳ್ಳೆ ಹುಡುಗರು ಮೊದಲು ಸಿಗ್ತಾರೆ, ಮತ್ತೆ ಆಗಿನ ರೂಲ್ ಪ್ರಕಾರ ಸತತ ಎರಡು ವರ್ಷ ಐದು ಗೆಲುವಿನ ಒಳಗೇ ಇದ್ರೆ ಎಲ್ಲರಿಗಿಂತ ಮುಂಚೆ ಒಂದು ಎಕ್ಸ್‌ಟ್ರಾ ಆಯ್ಕೆ. ಕಾರ್ಲ್‌ಟನ್ ನಾಲ್ಕಕ್ಕೇ ನಿಂತಿತ್ತು. ಮೆಲ್ಬರ್ನ್ ವಿರುದ್ಧದ ಕೊನೇ ಮ್ಯಾಚನ್ನ ಜನ 'ಕ್ರೂಜರ್ ಕಪ್' ಅಂತ ಆಡ್ಕೊಂಡ್ರು, ಯಾಕಂದ್ರೆ ಕಾರ್ಲ್‌ಟನ್ ಸೋತ್ರೆ ಆ ಎಕ್ಸ್‌ಟ್ರಾ ಆಯ್ಕೆಲಿ ಮ್ಯಾಥ್ಯೂ ಕ್ರೂಜರ್ ಅನ್ನೋ ಎತ್ತರದ ಹುಡುಗ ಅವರಿಗೆ ಸಿಗೋನಿದ್ದ. ಕಾರ್ಲ್‌ಟನ್ ಸೋತಿತು, ಕ್ರೂಜರ್ ಅಲ್ಲಿಗೇ ಬಂದ. ಹಂಗಾಮಿ ಕೋಚ್ ಗೆದ್ರೆ ಅವನಿಗೆ ಒಳ್ಳೇದು, ಸೋತ್ರೆ ಕ್ಲಬ್ಬಿಗೆ ಒಳ್ಳೇದು, ಇಂಥ ಇಕ್ಕಟ್ಟು ಬೇರೆ ಯಾವ ಕೆಲಸದಲ್ಲಿ ಇರತ್ತೋ ಕಾಣೆ.

ರಾಟನ್ ಮೂರು ಸಲ ಟೀಮನ್ನ ಫೈನಲ್ಸ್ ಹಂತಕ್ಕೆ, ಅಂದ್ರೆ ಲೀಗ್ ಮ್ಯಾಚುಗಳು ಮುಗಿದ್ಮೇಲೆ ಮೇಲಿನ ಟೀಮುಗಳು ಕಪ್‌ಗೆ ಆಡೋ ಸುತ್ತಿಗೆ, ಕರ್ಕೊಂಡು ಹೋದ್ರು, 2012ರಲ್ಲಿ ಅವರನ್ನೂ ತೆಗೆದ್ರು. ಅವರ ಜಾಗಕ್ಕೆ ಬಂದ ಮಿಕ್ ಮಾಲ್ಟ್‌ಹೌಸ್ ಅಂದ್ರೆ ಭೀಷ್ಮ ಇದ್ದ ಹಾಗೆ. 2015ರ ಮೇ ತಿಂಗಳಲ್ಲಿ ಅತಿ ಹೆಚ್ಚು ಮ್ಯಾಚಿಗೆ ಕೋಚ್ ಆದ ದಾಖಲೆ ಮಾಡಿದ್ರು, ಜಾಕ್ ಮೆಕ್‌ಹೇಲ್ ಅವರ 714 ದಾಟಿ. ಚಪ್ಪಾಳೆ ಆಯ್ತು. ಅದೇ ತಿಂಗಳು 26ಕ್ಕೆ ಕೆಲಸದಿಂದ ತೆಗೆದ್ರು, ಲೆಕ್ಕ 718ಕ್ಕೆ ನಿಂತೋಯ್ತು. ಜಾನ್ ಬಾರ್ಕರ್ ಹಂಗಾಮಿಯಾಗಿ ಆ ವರ್ಷ ಮುಗಿಸಿದ್ರು, ಅವರಿಗೆ ಖಾಯಂ ಆಗ್ಲಿಲ್ಲ.

ಕೆಲಸ ಸಿಕ್ಕಿದ್ದು ಬ್ರೆಂಡನ್ ಬೋಲ್ಟನ್‌ಗೆ. ಇವರ ಹೆಸರು ಕೇಳಿಬಂದಿದ್ದರಲ್ಲೂ ಹಂಗಾಮಿ ಕೆಲಸದ ಪಾಲಿದೆ: 2014ರಲ್ಲಿ ಹಾಥಾರ್ನ್‌ನ ಕೋಚ್ ಅಲಸ್ಟೇರ್ ಕ್ಲಾರ್ಕ್‌ಸನ್ ಕಾಯಿಲೆ ಬಿದ್ದಾಗ ಐದು ಮ್ಯಾಚ್ ನೋಡ್ಕೊಂಡು ಐದೂ ಗೆಲ್ಲಿಸಿದ್ರು. ಆದ್ರೆ ಸಿದ್ಧ ಇರೋ ಅಡುಗೆ ಬಡಿಸೋದು ಬೇರೆ, ಖಾಲಿ ಅಡುಗೆಮನೆಲಿ ಒಲೆ ಹಚ್ಚೋದು ಬೇರೆ. ಕಾರ್ಲ್‌ಟನ್‌ನಲ್ಲಿ 77 ಮ್ಯಾಚಲ್ಲಿ 16 ಗೆಲುವು, 2019ರಲ್ಲಂತೂ 11ರಲ್ಲಿ ಒಂದೇ ಒಂದು. ಜೂನ್ 3ಕ್ಕೆ ಕಳಿಸಿದ್ರು.

ಅಸಿಸ್ಟೆಂಟ್ ಆಗಿದ್ದ ಡೇವಿಡ್ ಟೀಗ್‌ಗೆ ಸಿಕ್ಕಿದ್ದು ವಾರ ತುಂಬೋಕೂ ಮುಂಚೆ ಒಂದು ಮ್ಯಾಚು. ಎದುರಿಗೆ ಬ್ರಿಸ್ಬೇನ್, ಶುರುವಲ್ಲಿ ಅವರೇ ಚೆನ್ನಾಗಿ ಮುಂದಿದ್ರು, ಆಮೇಲೆ ಪ್ಯಾಟ್ರಿಕ್ ಕ್ರಿಪ್ಸ್‌ಗೆ ಏನೋ ಮೈಮೇಲೆ ಬಂದ ಹಾಗಾಗಿ ಮಿಡ್‌ಫೀಲ್ಡರ್ ಆಗಿದ್ದೂ ನಾಲ್ಕು ಗೋಲ್ ಹೊಡೆದ, ಕಾರ್ಲ್‌ಟನ್ ಗೆದ್ದೇಬಿಡ್ತು. ಅದೇ ಆಟಗಾರರು, ಅದೇ ಗೆರೆ ಎಳೆದ ಗ್ರೌಂಡು, ಬದಲಾಗಿದ್ದು ಮೇಲಿನ ಗಾಜಿನ ಬಾಕ್ಸಲ್ಲಿ ಕೂತ ಒಬ್ಬ ಮನುಷ್ಯ ಮಾತ್ರ. ಇದೂ ಸೇರಿ ಸೀಸನ್ನಲ್ಲಿ ಉಳಿದಿದ್ದ 11ರಲ್ಲಿ 6 ಗೆದ್ರು, ಫ್ಯಾನ್‌ಗಳು 'ಟೀಗ್ ಟ್ರೈನ್' ಅಂತ ಹೆಸರಿಟ್ಟು ಹತ್ತಿದ್ರು, ಆಗಸ್ಟಲ್ಲಿ ಖಾಯಂ ಮಾಡಿದ್ರು. ಎರಡು ವರ್ಷಕ್ಕೆ, 2021ರ ಆಗಸ್ಟಲ್ಲಿ, ಹೊರಗಿನೋರಿಂದ ರಿವ್ಯೂ ಮಾಡಿಸಿ ಟೀಗ್‌ರನ್ನೂ ಇಳಿಸಿದ್ರು.

ಹಾಗಂತ ಹಂಗಾಮಿಗಳೆಲ್ಲಾ ಹಿಂಗೇ ಅಲ್ಲ. ಸಿಡ್ನಿಲಿ 2002ರಲ್ಲಿ ರಾಡ್ನಿ ಈಡ್ ಹೋದ್ಮೇಲೆ ಪಾಲ್ ರೂಸ್ ಹಂಗಾಮಿ ಆದ್ರು, ಬೋರ್ಡಿನ ಕಣ್ಣು ಬೇರೆಯೋರ ಮೇಲಿದ್ರೂ ಫ್ಯಾನ್‌ಗಳು ಇವರೇ ಬೇಕು ಅಂತ ಪಟ್ಟು ಹಿಡಿದ್ರು. 2005ರಲ್ಲಿ ಅದೇ ರೂಸ್ ಸಿಡ್ನಿಗೆ ಕಪ್ ತಂದ್ರು, ಆ ಕ್ಲಬ್ಬು 72 ವರ್ಷದಿಂದ ಕಾದಿತ್ತು. ಕಪ್ ತಂದ್ರೂ ಸೀಟ್ ಗ್ಯಾರಂಟಿ ಇಲ್ಲ ಅನ್ನೋದು ಇನ್ನೊಂದು ಕಥೆ: ಮೆಲ್ಬರ್ನ್ ಕ್ಲಬ್ಬಿಗೆ 1964ರ ನಂತರ ಮೊದಲ ಪ್ರೀಮಿಯರ್‌ಶಿಪ್ ತಂದ ಸೈಮನ್ ಗುಡ್ವಿನ್‌ರನ್ನ 2025ರ ಆಗಸ್ಟಲ್ಲಿ, ಬರೀ ಮೂರು ಮ್ಯಾಚ್ ಉಳಿದಿದ್ದಾಗ ತೆಗೆದ್ರು. ಆ ಮೂರಕ್ಕೆ ಟ್ರಾಯ್ ಚಾಪ್ಲಿನ್ ಹಂಗಾಮಿ.

ರಾಟನ್ ಕಥೆ ಅರ್ಧಕ್ಕೆ ಬಿಟ್ಟೆ ಅಲ್ವಾ. 2019ರಲ್ಲಿ ಸೇಂಟ್ ಕಿಲ್ಡಾದ ಕೋಚ್ ಸೀಸನ್ ಮಧ್ಯ ಬಿಟ್ಟು ಹೋದಾಗ ಅಲ್ಲಿ ಅಸಿಸ್ಟೆಂಟ್ ಆಗಿದ್ದ ಅವರೇ ಮತ್ತೆ ಹಂಗಾಮಿ, ಮತ್ತೆ ಖಾಯಂ. 2022ರ ಜುಲೈಲಿ ಕ್ಲಬ್ಬು ಅವರ ಒಪ್ಪಂದನ ಎರಡು ವರ್ಷ ಮುಂದುವರಿಸ್ತು, ಅಕ್ಟೋಬರಲ್ಲಿ ಕೆಲಸದಿಂದ ತೆಗೀತು. ಹೊಸ ಒಪ್ಪಂದದ ಇಂಕು ಒಣಗಿತ್ತೋ ಇಲ್ವೋ. ಮುಂದಿನ ವರ್ಷ ಮೇ ತಿಂಗಳಲ್ಲಿ ನಾರ್ತ್ ಮೆಲ್ಬರ್ನ್‌ನ ಕೋಚ್ ತಮ್ಮ ಆರೋಗ್ಯ ನೋಡ್ಕೊಳ್ಳೋಕೆ ಅಂತ ರಜೆ ಹಾಕಿದ್ರು, ಆ ಕೋಚ್ ಬೇರೆ ಯಾರೂ ಅಲ್ಲ, ಹಿಂದೆ ಬೋಲ್ಟನ್‌ಗೆ ಚಾನ್ಸ್ ಕೊಡಿಸಿದ್ದ ಅದೇ ಕ್ಲಾರ್ಕ್‌ಸನ್. ಆ ಗಾಜಿನ ಬಾಕ್ಸಿಗೆ ಯಾರನ್ನ ಕಳಿಸಿದ್ರು ಗೊತ್ತಾ? ರಾಟನ್. ಮೂರನೇ ಕ್ಲಬ್ಬು, ಮೂರನೇ ಸಲ ಹಂಗಾಮಿ. ಆಗಸ್ಟಲ್ಲಿ ಕ್ಲಾರ್ಕ್‌ಸನ್ ವಾಪಸ್ ಬಂದ್ರು, ಇವರು ಕುರ್ಚಿ ಬಿಟ್ಟುಕೊಟ್ರು.