ಸಾಫ್ಟ್‌ವೇರ್ ಹೋಯಿತು, ರೀಡಿಂಗ್ ಹೋಗಿಲ್ಲ

ಮುಂಗಾರು ಶುರುವಾಗುವ ಹೊತ್ತಿಗೆ ಚಿಕ್ಕಮಗಳೂರಿನ ಒಂದು ಸಣ್ಣ ಕಾಫಿ ಪರೀಕ್ಷಾ ಲ್ಯಾಬಿನಿಂದ ನನಗೆ ಫೋನ್ ಬಂತು. ಹಿಂದಿನ ರಾತ್ರಿಯ ಸಿಡಿಲಿಗೆ ಯುವಿ ಸ್ಪೆಕ್ಟ್ರೋಫೋಟೋಮೀಟರಿಗೆ (ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆಯುವ ಯಂತ್ರ) ಜೋಡಿಸಿದ್ದ ಹಳೇ ಕಂಪ್ಯೂಟರ್ ಸುಟ್ಟುಹೋಗಿತ್ತು. ಯಂತ್ರ ಉಳಿದಿತ್ತು, ಹಾರ್ಡ್ ಡಿಸ್ಕೂ ಉಳಿದಿತ್ತು. ಆದರೆ ಫೈಲುಗಳನ್ನು ತೆರೆಯುವ ಸಾಫ್ಟ್‌ವೇರ್ ಇದ್ದದ್ದು ಆ ಒಂದೇ ಕಂಪ್ಯೂಟರಿನಲ್ಲಿ. ಅದರ ಸಿಡಿ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. “2013ರಿಂದ ಇಲ್ಲಿತನಕದ ರೀಡಿಂಗ್ ಎಲ್ಲಾ ಅದರಲ್ಲೇ ಇದೆ, ಎಲ್ಲಾ ಹೋಯಿತಾ?” ಅಂತ ಲ್ಯಾಬ್ ನೋಡಿಕೊಳ್ಳುವ ಹುಡುಗಿ ಕೇಳಿದಳು. ಅವಳ ದನಿ ನಡುಗುತ್ತಿತ್ತು.

ಹೋಗಿಲ್ಲ ಅಂದೆ. ಧೈರ್ಯ ಹೇಳಲಿಕ್ಕೆ ಸುಮ್ನೆ ಆಡಿದ ಮಾತಲ್ಲ ಅದು. ಯಂತ್ರದ ಫೈಲು ಎಷ್ಟೇ ಮುಚ್ಚಿದ ಹಾಗೆ ಕಂಡರೂ ಒಳಗಿರುವುದು ಸಾಲಾಗಿ ಬರೆದ ಅಂಕಿಗಳು. ಅವುಗಳಲ್ಲಿ ಒಂದೆರಡು ನಮಗೆ ಮೊದಲೇ ಗೊತ್ತಿದ್ದರೆ ಉಳಿದವನ್ನೂ ಓದಬಹುದು. ನನ್ನ ಕೆಲಸವೆಲ್ಲಾ ನಿಂತಿರುವುದು ಇದೊಂದರ ಮೇಲೆ. ಹಾಗಾಗಿ ನಾನು ಅವಳನ್ನು ಮೊದಲು ಕೇಳಿದ್ದು ಹಾರ್ಡ್ ಡಿಸ್ಕನ್ನಲ್ಲ, “ಹಳೇ ಪ್ರಿಂಟ್ ಏನಾದರೂ ಇದೆಯಾ?” ಅಂತ. ಇತ್ತು. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಪ್ರಿಂಟ್ ಕತ್ತರಿಸಿ ಗಮ್ ಹಾಕಿ ಅಂಟಿಸಿದ್ದರು. ಒಂದರಲ್ಲಿ ಹೀಗಿತ್ತು: ಕೆಫೀನ್ ಸ್ಟ್ಯಾಂಡರ್ಡ್, 3 ಜೂನ್ 2013, 230ರಿಂದ 400 ನ್ಯಾನೋಮೀಟರ್, ಶಿಖರ 273ರಲ್ಲಿ, ಅಬ್ಸಾರ್ಬೆನ್ಸ್ 0.812. ಅಂದರೆ 273 ನ್ಯಾನೋಮೀಟರ್ ತರಂಗಾಂತರದಲ್ಲಿ ಬೆಳಕಿನ ಹೀರಿಕೆ ಅತಿ ಹೆಚ್ಚು, ಅದರ ಅಳತೆ 0.812. ಈ ಒಂದು ಚೀಟಿ ನನಗೆ ಬೀಗದ ಕೈ ಇದ್ದ ಹಾಗೆ.

ಕೆಲಸ ಶುರು ಮಾಡುವ ಮುಂಚೆ ಡಿಸ್ಕನ್ನು ಪೂರ್ತಿ ನಕಲು ಮಾಡಿ, ಮೂಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಸಿದೆ. ಪ್ರತಿ ಫೈಲಿಗೂ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಹ್ಯಾಶ್‌ಲಿಬ್‌ನಿಂದ ಒಂದು ಎಸ್‌ಎಚ್‌ಎ-256 ಗುರುತು ತೆಗೆದಿಟ್ಟುಕೊಂಡೆ. ಆಮೇಲೆ ಒಂದೇ ಒಂದು ಬೈಟು ಬದಲಾಗಿದ್ದರೂ ಗೊತ್ತಾಗುತ್ತದೆ. ಪೈಥಾನಿನಲ್ಲಿ ತೆರೆಯುವಾಗಲೂ ಬರೀ ಓದುವ ಬೈನರಿ ಮೋಡಿನಲ್ಲೇ ತೆರೆಯಬೇಕು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಆಮೇಲೆ ನೋಡುವುದು ಫೈಲಿನ ಮೊದಲ ಕೆಲವು ಬೈಟು. ಫೈಲ್ ಹೆಸರಿನ ಬಾಲವನ್ನು (ಚುಕ್ಕಿಯ ನಂತರದ ಅಕ್ಷರಗಳನ್ನು) ನಂಬಬೇಡಿ, ಅದನ್ನು ಯಾರು ಏನು ಬೇಕಾದರೂ ಇಟ್ಟಿರಬಹುದು. ಶುರುವಿನಲ್ಲಿ ಪಿಕೆ ಅಂತ ಎರಡು ಅಕ್ಷರ ಕಂಡರೆ ಅದು ಸಾಮಾನ್ಯವಾಗಿ ಜಿಪ್ ಫೈಲು. ಬಾಲ ಏನೇ ಇರಲಿ, ಪೈಥಾನಿನ ಜಿಪ್‌ಫೈಲ್ ಅದನ್ನು ಬಿಚ್ಚುತ್ತದೆ. ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3 ಅಂತ ಕಂಡರೆ ಅದೊಂದು ಪೂರ್ತಿ ಡೇಟಾಬೇಸು, ಪೈಥಾನ್ ತನ್ನ ಜೊತೆಗೇ ತರುವ ಎಸ್‌ಕ್ಯೂಲೈಟ್3 ಸಾಕು. ಡಿ0 ಸಿಎಫ್ 11 ಇ0 ಅಂತ ಹೆಕ್ಸ್ ಅಂಕಿ (ಹದಿನಾರರ ಎಣಿಕೆಯಲ್ಲಿ ಬರೆದ ಬೈಟು) ಕಂಡರೆ ಮೈಕ್ರೋಸಾಫ್ಟಿನ ಹಳೇ ಓಎಲ್‌ಇ ಪೆಟ್ಟಿಗೆ. ಆ ಅಂಕಿಗಳನ್ನು ಇಂಗ್ಲಿಷ್ ಅಕ್ಷರ ಅಂದುಕೊಂಡು ನೋಡಿದರೆ ಡಾಕ್‌ಫೈಲ್ ಅಂತ ಓದಿಸಿಕೊಳ್ಳುತ್ತವೆ. ಶಿಮಾಡ್ಜು ಕಂಪನಿಯ ಎಚ್‌ಪಿಎಲ್‌ಸಿಯ (ದ್ರಾವಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಎಲ್‌ಸಿಡಿ ಫೈಲು ಈ ಜಾತಿಗೆ ಸೇರಿದ್ದು. ಓಲೆಫೈಲ್ ಅನ್ನುವ ಪೈಥಾನ್ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮು) ಅದರೊಳಗಿನ ಅರೆಗಳನ್ನು ಒಂದೊಂದಾಗಿ ತೋರಿಸುತ್ತದೆ. ಎಷ್ಟೋ ಸಲ ಕೆಲಸ ಇಲ್ಲಿಗೇ ಅರ್ಧ ಮುಗಿದಿರುತ್ತದೆ.

ಇನ್ನೂ ಸುಲಭದ ದಾರಿ ಅಂದರೆ ಬೇರೆ ಯಾರೋ ಆಗಲೇ ಪಟ್ಟ ಕಷ್ಟವನ್ನು ಬಳಸಿಕೊಳ್ಳುವುದು. ಯಂತ್ರ ಮಾಡುವ ಅಜಿಲೆಂಟ್ ಕಂಪನಿಯ ಡಿ ಫೋಲ್ಡರು, ವಾಟರ್ಸ್ ಕಂಪನಿಯ ರಾ ಫೋಲ್ಡರು ಓದಲು ರೇನ್‌ಬೋ ಅನ್ನುವ ಲೈಬ್ರರಿ ಇದೆ. ಎನ್‌ಎಂಆರ್‌ಗೆ ಎನ್‌ಎಂಆರ್‌ಗ್ಲೂ ಇದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಫೈಲುಗಳಿಗೆ ಹೈಪರ್‌ಸ್ಪೈ ಬಳಗದ ರೊಸೆಟ್ಟಾಸೈಐಓ ಇದೆ. ಮಾಸ್ ಸ್ಪೆಕ್ಟ್ರೋಮೀಟರ್ ಆದರೆ ಪ್ರೋಟಿಯೋವಿಜಾರ್ಡಿನ ಎಂಎಸ್‌ಕನ್ವರ್ಟ್‌ನಿಂದ ಎಂಝೆಡ್‌ಎಂಎಲ್ ಅನ್ನುವ ಮುಕ್ತ ರೂಪಕ್ಕೆ ತಂದು, ಪೈಟಿಯೋಮಿಕ್ಸ್‌ನಲ್ಲಿ ಓದಬಹುದು. ಮೊದಲು ಇವನ್ನು ಹುಡುಕಿ. ಒಂದು ವಾರ ಉಳಿಯುತ್ತದೆ.

ನಮ್ಮ ಲ್ಯಾಬಿನ ಸ್ಪೆಕ್ಟ್ರೋಫೋಟೋಮೀಟರಿಗೆ ಮಾತ್ರ ಯಾವ ಲೈಬ್ರರಿಯೂ ಸಿಗಲಿಲ್ಲ. ಮೊದಲ ಬೈಟುಗಳೂ ಗುರುತು ಹೇಳಲಿಲ್ಲ. ಇಂಥ ಕಡೆ ನಾನು ಮೊದಲು ಕೈ ಹಾಕುವುದು ಫೈಲಿನ ಗಾತ್ರಕ್ಕೆ. 3 ಜೂನ್ 2013ರ ಫೈಲು ಸರಿಯಾಗಿ 1,880 ಬೈಟು ಇತ್ತು. 230ರಿಂದ 400ರ ತನಕ ಒಂದೊಂದು ನ್ಯಾನೋಮೀಟರಿಗೆ ಒಂದು ರೀಡಿಂಗ್ ಅಂದರೆ 171 ಬಿಂದು. 170 ಅಲ್ಲ, ಎರಡೂ ತುದಿ ಸೇರುತ್ತವೆ. ಬಿಂದುವಿಗೆ 8 ಬೈಟಿನಂತೆ 171ಕ್ಕೆ 1,368. ಅದನ್ನು 1,880ರಲ್ಲಿ ಕಳೆದರೆ ಉಳಿಯುವುದು 512. ಕಂಪ್ಯೂಟರಿನವರಿಗೆ 512 ನಮ್ಮ ನೂರಿದ್ದ ಹಾಗೆ, ತುಂಬಿದ ಅಂಕಿ. ಹಾಗಾದರೆ ಮೊದಲ 512 ಬೈಟು ಹೆಡರ್ (ತಾರೀಕು, ಬಿಂದುಗಳ ಎಣಿಕೆಯಂಥ ವಿವರ), ಆಮೇಲೆ ಡೇಟಾ. ಇಷ್ಟು ಗೊತ್ತಾದದ್ದು ಫೈಲ್ ತೆರೆಯದೇನೇ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಅದನ್ನು ಬಿಡಿಸಿ ಹೇಳಬೇಕು, ಯಾಕಂದರೆ ಯಾರು ಬೇಕಾದರೂ ಮಾಡುವ ತಪ್ಪು ಅದು. ಬಿಂದುವಿಗೆ 8 ಬೈಟು ಅಂದಕೂಡಲೇ ಅದು 64 ಬಿಟ್ಟಿನ ಫ್ಲೋಟ್ (ದಶಾಂಶ ಅಂಕಿ) ಅಂದುಕೊಂಡೆ. ಪೈಥಾನಿನ ಅಂಕಿಗಳ ಲೈಬ್ರರಿಯಾದ ನಂಪೈಯ ಫ್ರಮ್‌ಬಫರ್‌ಗೆ 512ರಿಂದ ಓದು ಅಂತ ಹೇಳಿದೆ. 171 ಅಂಕಿ ಬಂದವು. ಗ್ರಾಫ್ ಹಾಕಿದರೆ ಶಿಖರ ಸರಿಯಾಗಿ 273ರಲ್ಲೇ ನಿಂತಿತ್ತು! ಲ್ಯಾಬಿನವರಿಗೆಲ್ಲಾ ಖುಷಿ. ಆದರೆ ನೋಟ್‌ಬುಕ್ಕಿನಲ್ಲಿ 0.812 ಇದ್ದ ಕಡೆ ನನಗೆ ಬಂದದ್ದು 0.00097. ಏನೋ ಸ್ಕೇಲಿಂಗ್ ಇರಬೇಕು, ಯಾವುದೋ ಅಂಕಿಯಿಂದ ಗುಣಿಸಿದರೆ ಆಯಿತು ಅಂತ ಬಿಡುವವರು ಜಾಸ್ತಿ. ನಾನು 300 ನ್ಯಾನೋಮೀಟರಿನ ಹತ್ತಿರದ ಇನ್ನೊಂದು ಬಿಂದುವನ್ನು ಪ್ರಿಂಟಿನ ಜೊತೆ ಹೋಲಿಸಿದೆ. ಅಲ್ಲಿ ಗುಣಕ ಬೇರೆಯೇ ಬಂತು. ಸ್ಕೇಲಿಂಗ್ ಆಗಿದ್ದರೆ ಎಲ್ಲಾ ಕಡೆ ಒಂದೇ ಇರಬೇಕು, ಅಲ್ವಾ?

ಮತ್ತೆ ಹೆಕ್ಸ್ ವ್ಯೂವರಿಗೆ ಹೋದೆ. ಅದರಲ್ಲಿ ಎಡಕ್ಕೆ ಬೈಟುಗಳ ಅಂಕಿ, ಬಲಕ್ಕೆ ಅವೇ ಬೈಟುಗಳು ಅಕ್ಷರವಾಗಿ ಕಾಣುತ್ತವೆ. 512ರ ನಂತರ ಬಲಗಡೆ ಕಸದ ನಡುವೆ ಎರಡೆರಡು ಇಂಗ್ಲಿಷ್ ಅಕ್ಷರ ಇಣುಕುತ್ತಿದ್ದವು. ಎಫ್‌ಸಿ. ಎಂಟು ಬೈಟು ಬಿಟ್ಟು ಜಿಸಿ. ಮತ್ತೆ ಎಂಟು ಬಿಟ್ಟು ಎಚ್‌ಸಿ, ಆಮೇಲೆ ಐಸಿ, ಜೆಸಿ. ಮಕ್ಕಳು ಎಬಿಸಿಡಿ ಹೇಳಿಕೊಂಡು ಸಾಲಾಗಿ ನಡೆದ ಹಾಗೆ. ಇದು ಅಬ್ಸಾರ್ಬೆನ್ಸ್ ಆಗಿರಲು ಸಾಧ್ಯವೇ ಇಲ್ಲ. ಅಳತೆ ಏರುತ್ತದೆ, ಇಳಿಯುತ್ತದೆ. ಹೀಗೆ ಒಂದೊಂದೇ ಮೆಟ್ಟಿಲು ಹತ್ತುವುದು ತರಂಗಾಂತರ ಮಾತ್ರ. ಲೆಕ್ಕ ಹಾಕಿ ನೋಡಿದೆ. 230 ಅನ್ನುವ ಅಂಕಿಯನ್ನು 32 ಬಿಟ್ಟಿನ ಫ್ಲೋಟ್ ಆಗಿ, ಸಣ್ಣ ತುದಿ ಮೊದಲು ಬರುವ ಲಿಟಲ್ ಎಂಡಿಯನ್ ಕ್ರಮದಲ್ಲಿ ಬರೆದರೆ 00 00 66 43. ಹೆಕ್ಸ್ 66 ಅಂದರೆ ಸಣ್ಣ ಎಫ್, 43 ಅಂದರೆ ದೊಡ್ಡ ಸಿ. 231 ಜಿಸಿ, 232 ಎಚ್‌ಸಿ.

ಅಂದರೆ ಆ 8 ಬೈಟು ಒಂದು ಅಂಕಿಯಲ್ಲ, ಜೋಡಿ. ಮೊದಲ 4 ತರಂಗಾಂತರ, ಆಮೇಲಿನ 4 ಅಬ್ಸಾರ್ಬೆನ್ಸ್. ಎರಡನ್ನೂ ಸೇರಿಸಿ ಒಂದೇ ಅಂಕಿ ಅಂತ ಓದಿದಾಗ ಅಬ್ಸಾರ್ಬೆನ್ಸಿನ ಬೈಟುಗಳು ಮೇಲಿನ ಸ್ಥಾನಕ್ಕೆ ಹೋಗಿ ಕೂರುತ್ತವೆ. ಅದಕ್ಕೇ ಅಬ್ಸಾರ್ಬೆನ್ಸ್ ಏರಿದ ಕಡೆ ಆ ಸುಳ್ಳು ಅಂಕಿಯೂ ಏರುತ್ತಿತ್ತು, ಶಿಖರ ತನ್ನ ಜಾಗದಲ್ಲೇ ನಿಂತಿತ್ತು. ಎತ್ತರ ಮಾತ್ರ ಸುಳ್ಳು. ನಂಪೈಗೆ ಲಿಟಲ್ ಎಂಡಿಯನ್, 4 ಬೈಟು ಫ್ಲೋಟ್, ಎರಡು ಕಾಲಂ ಅಂತ ಹೇಳಿ ಮತ್ತೆ ಓದಿಸಿದೆ. 860ನೇ ಬೈಟಿನಿಂದ ಬಂದದ್ದು 0.812. ಹುಡುಗಿ ನೋಟ್‌ಬುಕ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ಅವಳು ಗಟ್ಟಿಯಾಗಿ ಓದಿದಳು, ನಾನು ಸ್ಕ್ರೀನ್ ನೋಡಿದೆ. ಹಾಗೆ ಹತ್ತು ಚೀಟಿ ಹೋಲಿಸಿದ ಮೇಲೇ ನಾನು ಆಯಿತು ಅಂದದ್ದು.

ಹೆಡರ್ ಓದಲು ನನ್ನ ಉಪಾಯ ಬೇರೆ. ಒಂದೇ ಒಂದು ವಿಷಯದಲ್ಲಿ ಬೇರೆ ಇರುವ ಎರಡು ಫೈಲು ಹುಡುಕಿ ಪಕ್ಕಪಕ್ಕ ಇಡುತ್ತೇನೆ. ಒಂದರಲ್ಲಿ 171 ಬಿಂದು, ಇನ್ನೊಂದರಲ್ಲಿ 201. ಮೊದಲನೆಯದರಲ್ಲಿ ಎಬಿ 00 ಇದ್ದ ಜಾಗದಲ್ಲೇ ಎರಡನೆಯದರಲ್ಲಿ ಸಿ9 00 ಇದ್ದರೆ ಅಲ್ಲೇ ಬಿಂದುಗಳ ಎಣಿಕೆ ಇದೆ ಅಂತ ಅರ್ಥ. ತಾರೀಕು ಸ್ವಲ್ಪ ಸತಾಯಿಸಿತು. ಕೊನೆಗೆ ಒಂದು 8 ಬೈಟು 41,428.45 ಅಂತ ಓದಿಸಿಕೊಂಡಿತು. ವಿಂಡೋಸಿನ ಕೆಲವು ಪ್ರೋಗ್ರಾಮುಗಳು ತಾರೀಕನ್ನು 30 ಡಿಸೆಂಬರ್ 1899ರಿಂದ ಕಳೆದ ದಿನಗಳಾಗಿ ಇಡುತ್ತವೆ. ಎಣಿಸಿದರೆ 3 ಜೂನ್ 2013, ಬೆಳಗ್ಗೆ 10 ಗಂಟೆ 48 ನಿಮಿಷ.

ಎಲ್ಲಾ ಫೈಲು ಇಷ್ಟು ನೇರವಾಗಿ ಇರುವುದಿಲ್ಲ. ಅಜಿಲೆಂಟಿನ ಹಳೇ ಸಾಫ್ಟ್‌ವೇರ್ ಕೆಮ್‌ಸ್ಟೇಷನ್ನಿನ ಸಿಎಚ್ ಫೈಲಿನಲ್ಲಿ ಎಷ್ಟೋ ಆವೃತ್ತಿಗಳು ಪ್ರತಿ ಬಿಂದುವಿನ ಪೂರ್ತಿ ಅಂಕಿಯನ್ನು ಬರೆಯದೆ, ಹಿಂದಿನದಕ್ಕಿಂತ ಎಷ್ಟು ಹೆಚ್ಚು ಕಡಿಮೆ ಅನ್ನುವುದನ್ನು 2 ಬೈಟಿನಲ್ಲಿ ಬರೆಯುತ್ತವೆ. ಜಾಗ ಉಳಿಸುವ ಜಾಣತನ. ವ್ಯತ್ಯಾಸ 2 ಬೈಟಿಗೆ ಹಿಡಿಸದಷ್ಟು ದೊಡ್ಡದಾದರೆ −32,768 ಅನ್ನುವ ಗುರುತು ಹಾಕಿ, ಮುಂದೆ ಪೂರ್ತಿ ಅಂಕಿ ಕೊಡುತ್ತವೆ. ಅಲ್ಲಿ ಬೈಟುಗಳ ಕ್ರಮವೂ ಉಲ್ಟಾ, ದೊಡ್ಡ ತುದಿ ಮೊದಲು.

ಲ್ಯಾಬಿನವರು ಆಗಾಗ ಕೇಳುವ ಇನ್ನೊಂದು ಮಾತು: ಪೈಥಾನಿನಲ್ಲಿ ತೆಗೆದ ಎಚ್‌ಪಿಎಲ್‌ಸಿ ಶಿಖರದ ಏರಿಯಾ ಹಳೇ ರಿಪೋರ್ಟಿಗೆ ಯಾಕೆ ತಾಳೆಯಾಗುವುದಿಲ್ಲ? ಫೈಲಿನಲ್ಲಿ ಸಾಮಾನ್ಯವಾಗಿ ಇರುವುದು ಕಚ್ಚಾ ಸಿಗ್ನಲ್. ಏರಿಯಾ ಅನ್ನುವುದು ಬೇಸ್‌ಲೈನನ್ನು (ಶಿಖರದ ಬುಡದ ಗೆರೆಯನ್ನು) ಎಲ್ಲಿಂದ ಎಲ್ಲಿಗೆ ಎಳೆದರು ಅನ್ನುವುದರ ಮೇಲೆ ನಿಂತಿದೆ, ಸಾಫ್ಟ್‌ವೇರ್ ತನ್ನದೇ ರೀತಿ ಎಳೆದಿರುತ್ತದೆ. ಸ್ವಲ್ಪ ವ್ಯತ್ಯಾಸ ಸಹಜ. ಸರಿಯಾಗಿ 60 ಪಟ್ಟು ಬಂದರೆ ಮಾತ್ರ ಒಂದು ಕಡೆ ನಿಮಿಷ, ಇನ್ನೊಂದು ಕಡೆ ಸೆಕೆಂಡ್ ಬಳಸಿದ್ದೀರಿ. ಹಾಗೇ ಕಾಫಿ ಕಷಾಯವನ್ನು ನೇರವಾಗಿ ಯುವಿಯಲ್ಲಿ ಇಟ್ಟು 273ರ ಎತ್ತರವನ್ನು ಕೆಫೀನ್ ಅನ್ನಬೇಡಿ. ಕ್ಲೋರೋಜೆನಿಕ್ ಆಮ್ಲಗಳೂ ಅಲ್ಲಿ ಬೆಳಕು ಹೀರುತ್ತವೆ. ಕೆಫೀನನ್ನು ಮೊದಲು ಬೇರ್ಪಡಿಸಬೇಕು, ಇಲ್ಲವೇ ಎಚ್‌ಪಿಎಲ್‌ಸಿಗೆ ಹೋಗಬೇಕು. ಈ ಲ್ಯಾಬಿನವರು ಬೇರ್ಪಡಿಸುತ್ತಿದ್ದರು, ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟಿದ್ದರು. ಹಾಗಾಗಿ ಅವರ ಹಳೇ ಅಂಕಿಗಳಿಗೆ ಇವತ್ತಿಗೂ ಬೆಲೆ ಇದೆ.

ನಮ್ಮ ಜಿಲ್ಲೆಯಲ್ಲಿ ಈ ಬೆಲೆ ಯಾರಿಗೂ ಹೊಸದಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದು. ಕಾಫಿ ಗಿಡ ನೆಟ್ಟು, ಫಸಲು ಬಂದು, ತಳಿ ಹೇಗೆ ಅಂತ ಹೇಳಲು ಎಷ್ಟೋ ವರ್ಷದ ಲೆಕ್ಕ ಕೈಯಲ್ಲಿರಬೇಕು. ತೋಟದವರು ಮಳೆ ಲೆಕ್ಕವನ್ನು ಅಜ್ಜನ ಕಾಲದ ಪುಸ್ತಕದಿಂದ ತೆಗೆದು ತೋರಿಸುತ್ತಾರೆ. ಆ ಪುಸ್ತಕ ಓದಲು ಯಾವ ಲೈಸೆನ್ಸೂ ಬೇಡ. ಯಂತ್ರದ ರೀಡಿಂಗೂ ಹಾಗೇ ಇರಬೇಕು ಅಂತ ನನ್ನ ಆಸೆ. ಅದಕ್ಕೇ ಈಗ ಆ ಲ್ಯಾಬಿನಲ್ಲಿ ದಿನದ ಕೆಲಸ ಮುಗಿದ ಮೇಲೆ ಒಂದು ಸ್ಕ್ರಿಪ್ಟ್ ಓಡುತ್ತದೆ. ಮೂಲ ಫೈಲನ್ನು ಮುಟ್ಟದೆ ಪಕ್ಕದಲ್ಲೇ ಒಂದು ಸಿಎಸ್‌ವಿ (ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಪಟ್ಟಿ) ಬರೆಯುತ್ತದೆ. ಯಾವ ಕಾಲಂ ಏನು, ಯೂನಿಟ್ ಏನು ಅಂತ ಮೇಲೆಯೇ ಕನ್ನಡದಲ್ಲಿ ಇದೆ.

ಹೆಡರಿನಲ್ಲಿ ಒಂದು 4 ಬೈಟಿನ ಅಂಕಿ ಮಾತ್ರ ಬಹಳ ದಿನ ಅರ್ಥವಾಗಲಿಲ್ಲ. ಫೈಲುಗಳನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿದರೆ ಅದು ನಿಧಾನಕ್ಕೆ ಏರುತ್ತಾ ಹೋಗಿ, ಮೂರು ಕಡೆ ಥಟ್ಟನೆ ಸೊನ್ನೆಗೆ ಬೀಳುತ್ತಿತ್ತು. ಆ ಮೂರು ತಾರೀಕು ಬರೆದು ಹುಡುಗಿಗೆ ಕಳಿಸಿದೆ. ಅವಳು ಹಳೇ ಬಿಲ್ಲುಗಳ ಫೈಲು ತೆಗೆದು ನೋಡಿ ಸಂಜೆ ಫೋನ್ ಮಾಡಿದಳು. ಮೂರೂ ಸಲ ಯಂತ್ರಕ್ಕೆ ಯುವಿ ಬೆಳಕು ಕೊಡುವ ಡ್ಯೂಟೀರಿಯಂ ಲ್ಯಾಂಪ್ ಬದಲಿಸಿದ ದಿನಗಳು. ಆ ಅಂಕಿ ಲ್ಯಾಂಪ್ ಉರಿದ ಗಂಟೆ. ಮರುದಿನ ಸಿಎಸ್‌ವಿಗೆ ಇನ್ನೊಂದು ಸಾಲು ಸೇರಿಸಿದೆವು.